ಸುಂಕದಕಟ್ಟೆಯಾಗಿ ಹುಟ್ಟಿದ ಕೋಟೆ

1150ರಲ್ಲಿ ಸವಾಯ್ ಮನೆತನದ ದೊರೆ ಮೂರನೆಯ ಹಂಬರ್ಟ್ ಕೆಲವು ಕ್ರೈಸ್ತ ಸಂನ್ಯಾಸಿಗಳಿಗೆ ಒಂದು ಸವಲತ್ತು ಬರೆದುಕೊಟ್ಟ. ಶಿಯೋನ್ ಎಂಬಲ್ಲಿ ಅವರನ್ನು ಯಾರೂ ತಡೆಯುವಂತಿಲ್ಲ, ಅವರು ನಿರಾತಂಕವಾಗಿ ದಾಟಿ ಹೋಗಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎಂಬ ಮಾತು ನಮ್ಮಲ್ಲಿದೆ. ಆ ಸಂನ್ಯಾಸಿಗಳು ಸುಂಕದವನನ್ನು ಬಿಟ್ಟು ನೇರವಾಗಿ ಅವನ ಒಡೆಯನಿಂದಲೇ ಬರೆಸಿಕೊಂಡಿದ್ದರು. ಇಂದು ಜಗತ್ತಿನ ಮೂಲೆಮೂಲೆಯಿಂದ ಜನ ನೋಡಲು ಹೋಗುವ ಶಿಯೋನ್ ಕೋಟೆಯ ಹೆಸರು ಕಾಣುವ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಅದರಲ್ಲಿ ಯುದ್ಧದ ಸುದ್ದಿಯಿಲ್ಲ, ಅರಮನೆಯ ವೈಭವವಿಲ್ಲ. ಇರುವುದು ದಾರಿಯ ವಿಚಾರ ಮಾತ್ರ.

ಆ ದಾರಿ ಅರ್ಥವಾದರೆ ಕೋಟೆ ಅರ್ಥವಾದಂತೆ. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಪೂರ್ವದ ತುದಿಯಲ್ಲಿ, ಮಾಂಟ್ರೂ ಪಟ್ಟಣಕ್ಕೆ ಹತ್ತಿರ, ಬೆಟ್ಟ ಕಡಿದಾಗಿ ಇಳಿದು ನೀರಿನಂಚಿಗೇ ಬರುತ್ತದೆ. ಬೆಟ್ಟಕ್ಕೂ ನೀರಿಗೂ ನಡುವೆ ಉಳಿದದ್ದು ಒಂದು ಇಕ್ಕಟ್ಟಾದ ಹಾದಿ. ಉತ್ತರ ಯುರೋಪಿನಿಂದ ಇಟಲಿಗೆ ಹೋಗುವ ವರ್ತಕರು, ರೋಮಿಗೆ ಹೊರಟ ಯಾತ್ರಿಕರು, ದಂಡೆತ್ತಿ ಹೊರಟ ಸೈನಿಕರು ಇದೇ ಹಾದಿಯಲ್ಲಿ ಬಂದು, ಮುಂದೆ 2469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿ ಹತ್ತಬೇಕಿತ್ತು. ಹಾದಿಯ ಪಕ್ಕದಲ್ಲೇ ನೀರಿನಿಂದ ಎದ್ದ ಒಂದು ಬಂಡೆಯಿದೆ. ಉದ್ದ ನೂರು ಮೀಟರಿಗೆ ತುಸು ಹೆಚ್ಚು, ಅಗಲ ಸುಮಾರು ಐವತ್ತು. ಅದರ ಮೇಲೆ ನಾಲ್ಕು ಜನ ಕಾವಲು ನಿಂತರೆ ಸಾಕು, ಈ ಘಾಟಿಯಾಗಿ ಆಲ್ಪ್ಸ್ ದಾಟುವ ಇಡೀ ವ್ಯಾಪಾರ ಸುಂಕ ತೆತ್ತು ಅವರ ಕಣ್ಣೆದುರಿಗೇ ಸಾಗಬೇಕು.

ಆ ಬಂಡೆಯ ಮೇಲೆ ಸವಾಯ್ ದೊರೆಗಳು ಕೋಟೆ ಬೆಳೆಸಿದರು. ಇದೇ ದಾರಿಯ ವ್ಯಾಪಾರಕ್ಕೆಂದು ದೊರೆ ಮೊದಲನೆಯ ಥಾಮಸ್ 1214ರಲ್ಲಿ ಎರಡು ಕಿಲೋಮೀಟರ್ ಆಚೆ ವಿಲ್ನವ್ ಎಂಬ ಹೊಸ ಪೇಟೆಯನ್ನೇ ಕಟ್ಟಿಸಿದ. ಕೋಟೆಗೆ ಈಗಿನ ರೂಪ ಬಂದದ್ದು ಬಹುಮಟ್ಟಿಗೆ ಅವನ ಮಗ ಎರಡನೆಯ ಪೀಟರನ ಕಾಲದಲ್ಲಿ. ಇಂಗ್ಲೆಂಡಿನ ರಾಣಿಗೆ ಸೋದರಮಾವನಾದ ಈ ಪೀಟರನಿಗೆ ಅಲ್ಲಿನ ದೊರೆ ಥೇಮ್ಸ್ ನದಿಯ ದಂಡೆಯಲ್ಲಿ ಜಾಗ ಕೊಟ್ಟಿದ್ದ. ಲಂಡನ್ನಿನ ಪ್ರಸಿದ್ಧ ಸವಾಯ್ ಹೋಟೆಲಿಗೆ ಆ ಹೆಸರು ಬಂದದ್ದು ಹಾಗೆ.

ಕೋಟೆಗೆ ಎರಡು ಮುಖ. ದಾರಿಯ ಕಡೆಗೆ ಕಂದಕ, ದಪ್ಪ ಬುರುಜುಗಳು, ಬಾಣ ಬಿಡಲು ಕೊರೆದ ಕಿರಿದಾದ ಕಂಡಿಗಳು. ಆ ಬದಿಯಲ್ಲಿ ನಿಂತವನಿಗೆ ಅದು ಠಾಣೆಯಂತೆಯೇ ಕಾಣುತ್ತದೆ. ಅಂಗಳಗಳನ್ನು ದಾಟಿ ಸರೋವರದ ಬದಿಗೆ ಬಂದರೆ ಅಗಲವಾದ ಕಮಾನು ಕಿಟಕಿಗಳು, ಹಜಾರಗಳು, ಗೋಡೆಗೆ ಚಿತ್ರ ಬರೆಸಿದ ದೊರೆಯ ಮಲಗುವ ಕೋಣೆ. ಕಿಟಕಿಯಾಚೆ ನೀರು, ನೀರಿನಾಚೆ ಹಿಮದ ಬೆಟ್ಟ. ಇವೆಲ್ಲದರ ಕೆಳಗಿನ ನೆಲಮಾಳಿಗೆ ಬೇರೆಯದೇ ಲೋಕ. ಒಂದು ಪಕ್ಕದಲ್ಲಿ ಬಂಡೆ ಹಾಗೇ ಗೋಡೆಯಾಗಿದೆ, ನಡುವೆ ಸಾಲುಗಂಬಗಳು ಚರ್ಚಿನ ಒಳಗಿರುವಂಥ ಕಮಾನುಗಳನ್ನು ಹೊತ್ತಿವೆ. ಬೆಳಕು ಬರುವುದು ಕಿರುಗಂಡಿಗಳಿಂದ. ಉಗ್ರಾಣವಾಗಿ, ಆಯುಧದ ಕೋಣೆಯಾಗಿ ಬಳಕೆಯಾದ ಈ ಸುಂದರ ಮಾಳಿಗೆಯೇ ಸೆರೆಮನೆಯೂ ಆಯಿತು.

1348ರಲ್ಲಿ ಯುರೋಪಿನಲ್ಲಿ ಪ್ಲೇಗು ಹಬ್ಬುತ್ತಿತ್ತು. ಬಾವಿಗಳಿಗೆ ಯಹೂದಿಗಳೇ ವಿಷ ಹಾಕಿದ್ದಾರೆಂಬ ಗಾಳಿಸುದ್ದಿ ಹಬ್ಬಿತು. ವಿಲ್ನವ್‌ ಮತ್ತು ಸುತ್ತಲ ಊರುಗಳ ಯಹೂದಿಗಳನ್ನು ಹಿಡಿದು ಶಿಯೋನ್‌ಗೆ ತಂದು ಚಿತ್ರಹಿಂಸೆ ಕೊಟ್ಟರು. ನೋವು ತಾಳಲಾರದೆ ಅವರು ಮಾಡದ ತಪ್ಪನ್ನು ಒಪ್ಪಿಕೊಂಡರು. ಆ ಹೇಳಿಕೆಗಳನ್ನು ಬರೆದಿಟ್ಟು, ಪ್ರತಿ ಮಾಡಿ, ದೂರದ ಸ್ಟ್ರಾಸ್‌ಬೂರ್ಗ್ ನಗರಕ್ಕೂ ಕಳಿಸಲಾಯಿತು. ಯಹೂದಿಗಳೂ ಪ್ಲೇಗಿನಿಂದ ಸಾಯುತ್ತಿದ್ದಾರೆ, ಆರೋಪದಲ್ಲಿ ಹುರುಳಿಲ್ಲ ಎಂದು ಪೋಪ್ ಆರನೆಯ ಕ್ಲೆಮೆಂಟ್ ಸಾರಿದರೂ ಕೇಳುವವರಿರಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬೂರ್ಗಿನ ಯಹೂದಿಗಳನ್ನು ಗುಂಪುಗುಂಪಾಗಿ ಸುಟ್ಟು ಕೊಂದರು. ಶಿಯೋನ್‌ನ ಚರಿತ್ರೆಯಲ್ಲಿ ಇದಕ್ಕಿಂತ ಕರಾಳವಾದ ಪುಟವಿಲ್ಲ. ಆದರೆ ಪ್ರವಾಸಿಗರ ಬಾಯಲ್ಲಿ ಓಡಾಡುವುದು ಇನ್ನೊಬ್ಬ ಕೈದಿಯ ಕತೆ.

ಅವನು ಫ್ರಾಂಸ್ವಾ ಬೊನಿವಾರ್, ಜಿನೀವಾದ ಒಂದು ಮಠದ ಮುಖ್ಯಸ್ಥ. ಜಿನೀವಾ ಸವಾಯ್ ಹಿಡಿತದಲ್ಲಿ ಇರಕೂಡದು ಎಂದು ವಾದಿಸಿದವನು. 1530ರಲ್ಲಿ ಸವಾಯ್ ಕಡೆಯವರು ಅವನನ್ನು ಹಿಡಿದು ಇಲ್ಲಿಗೆ ತಂದರು. ಮೊದಮೊದಲು ಮೇಲಿನ ಕೋಣೆಯಲ್ಲಿ ಮರ್ಯಾದೆಯಿಂದಲೇ ಇಟ್ಟಿದ್ದರು. 1532ರಲ್ಲಿ ನೆಲಮಾಳಿಗೆಗೆ ಇಳಿಸಿದ ಮೇಲೆ ನಾಲ್ಕು ವರ್ಷ ಅವನು ಅಲ್ಲಿಂದ ಮೇಲೆ ಬರಲಿಲ್ಲ. ಅತ್ತಿತ್ತ ನಡೆದು ನಡೆದು ಬಂಡೆಯಲ್ಲಿ ಜಾಡು ಮೂಡಿತು ಎಂದು ಮುಂದೆ ಅವನೇ ಬರೆದ.

1536ರ ಮಾರ್ಚಿನಲ್ಲಿ ಕೋಟೆ ಕೈಬದಲಾಯಿತು. ಬರ್ನ್ ನಗರದ ಸೇನೆ ನೆಲದ ಕಡೆಯಿಂದ, ಜಿನೀವಾದ ನಾವೆಗಳು ನೀರಿನ ಕಡೆಯಿಂದ ಸುತ್ತುವರಿದವು. ಬೊನಿವಾರ್ ಬಿಡುಗಡೆಯಾಗಿ ಜಿನೀವಾಕ್ಕೆ ಮರಳಿ, ಆ ನಗರದ ಚರಿತ್ರೆ ಬರೆದು, 1570ರವರೆಗೆ ಬದುಕಿದ. ಕೋಟೆ ಕಳೆದುಕೊಂಡ ಸವಾಯ್ ಮನೆತನ ಇಟಲಿಯ ಕಡೆಗೆ ಮುಖಮಾಡಿತು. 1861ರಲ್ಲಿ ಒಗ್ಗೂಡಿದ ಇಟಲಿಗೆ ದೊರೆಗಳಾದದ್ದು ಅದೇ ವಂಶದವರು.

ಹೊಸ ಒಡೆಯರಾದ ಬರ್ನಿನವರು ಕೋಟೆಗೆ ಅಂದಚಂದ ಸೇರಿಸುವ ಗೋಜಿಗೆ ಹೋಗಲಿಲ್ಲ. ಬರ್ನಿನ ಅಧಿಕಾರಿ ಅಲ್ಲೇ ವಾಸವಿದ್ದು ಸುತ್ತಲಿನ ಸೀಮೆಯ ಆಡಳಿತ ನಡೆಸಿದ. ಅವರ ಕಾಲದಲ್ಲಿ ಮಾಟಗಾರರೆಂಬ ಆರೋಪ ಹೊತ್ತ ಹಳ್ಳಿಯ ಹೆಂಗಸರು, ಗಂಡಸರು ಇದೇ ನೆಲಮಾಳಿಗೆಗೆ ಬಂದರು. ಕೋಟೆಯಿರುವ ವೋ ಪ್ರಾಂತ್ಯದಲ್ಲಿ ಈ ಆರೋಪಕ್ಕೆ ಬಲಿಯಾದವರು ಸಾವಿರಕ್ಕೂ ಹೆಚ್ಚು. 1733ರಲ್ಲಿ ಅಧಿಕಾರಿ ಅನುಕೂಲ ನೋಡಿ ಪಕ್ಕದ ವೆವೆ ಪಟ್ಟಣಕ್ಕೆ ಮನೆ ಬದಲಿಸಿದ. ಶಿಯೋನ್ ಬರೀ ಉಗ್ರಾಣವಾಗಿ ಉಳಿಯಿತು. ಕೋಟೆ ಉಳಿದುಕೊಂಡದ್ದೂ ಈ ಅಸಡ್ಡೆಯಿಂದಲೇ ಎನ್ನಬೇಕು. ಯಾರಾದರೂ ಸಿರಿವಂತರು ಅಲ್ಲಿ ಬಿಡಾರ ಹೂಡಿದ್ದರೆ, ಆ ಕಾಲದ ಶೋಕಿಗೆ ತಕ್ಕಂತೆ ಗೋಡೆ ಕೆಡವಿ ಹೊಸ ಬಂಗಲೆಯನ್ನೇ ಎಬ್ಬಿಸುತ್ತಿದ್ದರೇನೋ.

1798ರ ಜನವರಿ 10ರಂದು ವೆವೆ ಮತ್ತು ಮಾಂಟ್ರೂ ಕಡೆಯ ಕ್ರಾಂತಿಕಾರಿಗಳು ಕೋಟೆಗೆ ನುಗ್ಗಿದರು. ರಕ್ತ ಹರಿಯಲಿಲ್ಲ. ಎರಡೂವರೆ ಶತಮಾನದ ಬರ್ನ್ ಆಳ್ವಿಕೆ ಅದೇ ತಿಂಗಳು ಕುಸಿಯಿತು. 1803ರಲ್ಲಿ ವೋ ಸ್ವತಂತ್ರ ಪ್ರಾಂತ್ಯವಾದಾಗ ಕೋಟೆ ಅದರ ಸರ್ಕಾರಿ ಆಸ್ತಿಯಾಯಿತು. ಸವಾಯ್, ಬರ್ನ್, ವೋ: ದಾಖಲೆಯಲ್ಲಿ ಕಾಣುವ ದೊಡ್ಡ ಒಡೆಯರು ಈ ಮೂವರೇ.

ಕೋಟೆಯನ್ನು ಲೋಕಪ್ರಸಿದ್ಧ ಮಾಡಿದವನಿಗೆ ಅದರ ಒಂದು ಕಲ್ಲೂ ಸೇರಿರಲಿಲ್ಲ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಮಳೆ ಚಳಿಯ 1816ರ ಜೂನಿನಲ್ಲಿ ಕವಿ ಬೈರನ್ ಗೆಳೆಯ ಶೆಲ್ಲಿಯ ಜೊತೆ ದೋಣಿಯಲ್ಲಿ ಸರೋವರ ಸುತ್ತುತ್ತ ಶಿಯೋನ್‌ಗೆ ಬಂದ. ನೆಲಮಾಳಿಗೆ ಕಂಡು ಮನಸ್ಸು ಕಲಕಿತು. ಕೆಲವೇ ದಿನಗಳಲ್ಲಿ ಸರೋವರದ ದಂಡೆಯ ಉಷಿ ಎಂಬ ಊರಿನಲ್ಲಿ ತಂಗಿದ್ದಾಗ ‘ಶಿಯೋನ್‌ನ ಕೈದಿ’ ಕವನ ಬರೆದ. ಕವನದ ಕೈದಿಗೂ ನಿಜವಾದ ಬೊನಿವಾರ್‌ಗೂ ಹೋಲಿಕೆ ಅಷ್ಟಕ್ಕಷ್ಟೆ. ಬರೆಯುವಾಗ ಅವನ ಚರಿತ್ರೆ ತನಗೆ ಸರಿಯಾಗಿ ಗೊತ್ತಿರಲಿಲ್ಲವೆಂದು ಬೈರನ್ನನೇ ಒಪ್ಪಿಕೊಂಡಿದ್ದಾನೆ. ಆದರೂ ಜನ ಸಾಲುಗಟ್ಟಿ ಬಂದರು. ಮೂರನೆಯ ಕಂಬದ ಮೇಲೆ ಬೈರನ್ ಕೆತ್ತಿದ್ದೆಂದು ಹೇಳುವ ಅವನ ಹೆಸರನ್ನು ಈಗಲೂ ಜೋಪಾನವಾಗಿ ಕಾಪಾಡಲಾಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಿಜವಾದ ಆರೈಕೆ ಶುರುವಾಯಿತು. 1887ರಲ್ಲಿ ಕೋಟೆಯ ಉಳಿವಿಗಾಗಿ ಸಂಘವೊಂದು ಹುಟ್ಟಿತು. ಪುರಾತತ್ವಜ್ಞ ಆಲ್ಬರ್ಟ್ ನೇಫ್ 1897ರಿಂದ ದಶಕಗಳ ಕಾಲ ಅಗೆದು, ಅಳೆದು, ಬರೆದಿಟ್ಟುಕೊಂಡು ಕೆಲಸ ಮಾಡಿಸಿದ. ಯಾವ ಕಲ್ಲು ಹಳೆಯದು, ಯಾವುದು ತಾವು ಕೂರಿಸಿದ್ದು ಎಂಬುದು ಮುಂದಿನವರಿಗೆ ತಿಳಿಯಬೇಕೆಂಬ ಅವನ ಹಟ ದೊಡ್ಡದು. ನಮ್ಮ ಗುಡಿ ಕೋಟೆಗಳಿಗೆ ಸಿಮೆಂಟು ಬಳಿದು ಜೀರ್ಣೋದ್ಧಾರ ಎನ್ನುವವರು ಇದನ್ನು ಒಮ್ಮೆ ಗಮನಿಸಬೇಕು.

ಇಂದು ವರ್ಷಕ್ಕೆ ಸುಮಾರು 4 ಲಕ್ಷ ಜನ ಶಿಯೋನ್ ನೋಡುತ್ತಾರೆ. ಕನ್ನಡದವರೂ ಅತ್ತ ಹೋದಾರು. ಹೋದವರು ಮೂರನೆಯ ಕಂಬದ ಹೆಸರನ್ನು ಓದಿಕೊಂಡು, ಮೇಲೆ ಬರುವ ಮುನ್ನ ವಿಲ್ನವ್‌ನ ಯಹೂದಿಗಳಿಗಾಗಿಯೂ ಮಾಟದ ಆರೋಪ ಹೊತ್ತ ಹಳ್ಳಿಯವರಿಗಾಗಿಯೂ ಒಂದು ಗಳಿಗೆ ಅಲ್ಲಿ ನಿಲ್ಲಿ.