ಒಂದು ಮಹಾಕಾಂತದ ಸ್ಥಳಾಂತರ

ಬಡಗಿಯೊಬ್ಬನು ಮನೆಯ ಒಳಕೋಣೆಯಲ್ಲಿಯೇ ಕುಳಿತು ದೊಡ್ಡದೊಂದು ಮಂಚವನ್ನು ಮಾಡಿ ಮುಗಿಸಿದನೆಂದು ಭಾವಿಸೋಣ. ಮಂಚವೇನೋ ಸೊಗಸಾಗಿದೆ, ಆದರೆ ಆ ಮನೆಯವರು ಬೇರೆ ಊರಿಗೆ ಹೊರಟಾಗ ಅದು ಬಾಗಿಲಿನಿಂದ ಹೊರಕ್ಕೆ ಬಾರದು. ಮಂಚವಾದರೆ ಕೀಲು ಬಿಚ್ಚಬಹುದು. ತೀರ ಕಷ್ಟವಾದರೆ ಕಾಲು ಕೊಯ್ಯಬಹುದು. ಬಿಚ್ಚಲೂ ಬಾರದ, ಕೊಯ್ಯಲೂ ಬಾರದ, ಬಾಗಿಸಲೂ ಬಾರದ ಹದಿನೈದು ಮೀಟರು ಅಗಲದ ವಸ್ತುವೊಂದನ್ನು ಬೇರೆ ಊರಿಗೆ ಒಯ್ಯಬೇಕಾದರೆ ಏನು ಮಾಡತಕ್ಕದ್ದು? ಈ ಪ್ರಶ್ನೆ 2013ರಲ್ಲಿ ಅಮೆರಿಕದ ಭೌತವಿಜ್ಞಾನಿಗಳಿಗೆ ಒದಗಿತು. ಅವರು ಅದನ್ನು ಬಿಡಿಸಿದ ರೀತಿಯನ್ನು ಇಲ್ಲಿ ನೋಡೋಣ.

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್ ದ್ವೀಪದಲ್ಲಿ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯವಿದೆ. ಅಲ್ಲಿ 1990ರ ದಶಕದಲ್ಲಿ ಬಳೆಯ ಆಕಾರದ ಒಂದು ಬೃಹತ್ ವಿದ್ಯುತ್ಕಾಂತವನ್ನು ಕಟ್ಟಿದರು. ಮ್ಯೂಆನ್ ಎಂಬ ಕಣಗಳನ್ನು ಅದರೊಳಗೆ ವೃತ್ತಾಕಾರವಾಗಿ ಸುತ್ತಿಸುವುದು ಉದ್ದೇಶ. ಮ್ಯೂಆನ್ ಎಂಬುದು ಎಲೆಕ್ಟ್ರಾನಿನ ಅಣ್ಣನಿದ್ದಂತೆ. ಗುಣಗಳೆಲ್ಲ ಅದರವೇ, ತೂಕ ಮಾತ್ರ 207 ಮಡಿ. ನಿಂತಲ್ಲಿ ಅದರ ಸರಾಸರಿ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದ ಪಾಲಿನಲ್ಲಿ 2.2 ಪಾಲು. ಪ್ರತಿಯೊಂದು ಮ್ಯೂಆನೂ ತನ್ನಷ್ಟಕ್ಕೆ ತಾನೇ ಒಂದು ಪುಟ್ಟ ಅಯಸ್ಕಾಂತ. ಅದನ್ನು ಕಾಂತಕ್ಷೇತ್ರದಲ್ಲಿ ಇಟ್ಟರೆ, ವೇಗ ಕುಂದಿದ ಬುಗುರಿಯ ಹಾಗೆ ಅದರ ಅಕ್ಷವು ತೊನೆಯತೊಡಗುತ್ತದೆ. ಈ ತೊನೆತದ ಪ್ರಮಾಣವನ್ನು ಸೂಚಿಸುವ ಸಂಖ್ಯೆಗೆ ‘ಜಿ’ ಎಂದು ಹೆಸರು. ಸರಳವಾದ ಸಿದ್ಧಾಂತದ ಪ್ರಕಾರ ಅದು ಸರಿಯಾಗಿ 2 ಆಗಿರಬೇಕು.

ಆದರೆ ನಾವು ಶೂನ್ಯವೆನ್ನುವ ಆಕಾಶ ನಿಜವಾಗಿ ಶೂನ್ಯವಲ್ಲ. ಅಲ್ಲಿ ನಾನಾ ಬಗೆಯ ಕಣಗಳು ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುತ್ತಿವೆ. ಅವುಗಳ ಸೋಂಕಿನಿಂದ ‘ಜಿ’ಯ ಬೆಲೆ 2ಕ್ಕಿಂತ ಸಾವಿರಕ್ಕೆ ಒಂದರಷ್ಟು ಹೆಚ್ಚಾಗುತ್ತದೆ. ಈ ಹೆಚ್ಚಳವನ್ನು ಅತಿಸೂಕ್ಷ್ಮವಾಗಿ ಅಳೆದು, ನಮಗೆ ತಿಳಿದಿರುವ ಕಣಗಳೆಲ್ಲ ಕೊಡಬೇಕಾದ ಲೆಕ್ಕದೊಡನೆ ಹೋಲಿಸಿದಾಗ ಏನಾದರೂ ಮಿಕ್ಕರೆ, ಅದು ಇದುವರೆಗೆ ಯಾರೂ ಕಾಣದ ಕಣದ ಕೈವಾಡವಿರಬಹುದು. ಬ್ರೂಕ್‌ಹೇವನ್ನಿನಲ್ಲಿ 2001ರವರೆಗೆ ನಡೆದ ಪ್ರಯೋಗ ಈ ಸಂಖ್ಯೆಯನ್ನು ಹತ್ತು ಲಕ್ಷದಲ್ಲಿ ಅರ್ಧ ಪಾಲಿನಷ್ಟು ನಿಖರತೆಗೆ ಅಳೆಯಿತು. ಸ್ವಲ್ಪ ಮಿಕ್ಕಂತೆಯೂ ಕಂಡಿತು. ಆದರೆ ಇಷ್ಟನ್ನೇ ನಂಬಿ ಹೊಸ ಕಣ ಸಿಕ್ಕಿತೆಂದು ಡಂಗುರ ಹೊಡೆಯುವಂತಿರಲಿಲ್ಲ. ಇನ್ನೂ ಬಹಳ ಹೆಚ್ಚು ಮ್ಯೂಆನುಗಳು ಬೇಕು. ಅವನ್ನು ಒದಗಿಸಬಲ್ಲ ಯಂತ್ರವಿದ್ದುದು ಷಿಕಾಗೋ ನಗರದ ಬಳಿಯ ಫರ್ಮಿ ಪ್ರಯೋಗಾಲಯದಲ್ಲಿ. ಕಾಂತ ಒಂದೆಡೆ, ಕಣಗಳು ಇನ್ನೊಂದೆಡೆ! ಹೊಸ ಕಾಂತವನ್ನು ಕಟ್ಟುವ ವೆಚ್ಚದ ಹತ್ತನೆಯ ಒಂದು ಪಾಲಿನಲ್ಲಿ ಹಳೆಯದನ್ನೇ ಸಾಗಿಸಬಹುದೆಂದು ಲೆಕ್ಕವಾಯಿತು. ಸಾಗಿಸುವಾಗ ಕೆಟ್ಟರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಎಂಜಿನಿಯರುಗಳು ಇಂಥ ಕಾರ್ಯಗಳಲ್ಲಿ ‘ನಿರ್ಮಾಣಸಾಧ್ಯತೆ’ ಎಂಬುದೊಂದನ್ನು ಮೊದಲೇ ವಿಚಾರ ಮಾಡುತ್ತಾರೆ. ನಕ್ಷೆಯಲ್ಲಿ ಬರೆದದ್ದು ಸರಿಯೇ ಎಂಬುದಲ್ಲ ಇಲ್ಲಿನ ಪ್ರಶ್ನೆ. ಇರುವ ದಾರಿಯಲ್ಲಿ, ಇರುವ ಕ್ರೇನುಗಳಿಂದ, ಇಂಥ ಋತುವಿನಲ್ಲಿ, ಯಾವುದಾದ ಮೇಲೆ ಯಾವುದನ್ನು ಮಾಡಿದರೆ ಅದು ನಿಜವಾಗಿ ನಡೆದೀತು ಎಂಬುದು ಪ್ರಶ್ನೆ. ಆದ್ದರಿಂದ ಈ ವಿಚಾರ ಹಿಂದುಮುಂದಾಗಿ ನಡೆಯುತ್ತದೆ: ಯಂತ್ರ ಕೊನೆಗೆ ಕೂರಬೇಕಾದ ನೆಲದಿಂದ ಮೊದಲಾಗಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುತ್ತ, ಈಗ ಇರುವ ಜಾಗದ ಮೊದಲನೆಯ ತಿರುಪನ್ನು ಸಡಿಲಿಸುವವರೆಗೆ. ಆನೆ ಹೋದ ಮೇಲೆ ಬಾಲ ಸಿಕ್ಕಿಕೊಂಡಿತೆಂಬ ಮಾತು ಇಲ್ಲಿ ಅಕ್ಷರಶಃ ನಡೆದುಹೋಗಬಹುದು.

ಮೊದಲನೆಯದಾಗಿ ಯಾವುದನ್ನು ಬಿಚ್ಚಬಹುದು, ಯಾವುದನ್ನು ಬಿಚ್ಚಬಾರದು ಎಂಬುದು ನಿರ್ಧಾರವಾಗಬೇಕು. ಈ ಕಾಂತದಲ್ಲಿ ಮುಖ್ಯವಾದ ಭಾಗಗಳು ಎರಡು. ಒಂದು, ಉಕ್ಕಿನ ಹೊರಮೈ; ಅದರ ತೂಕ 700 ಟನ್ನಿಗೆ ಸಮೀಪ. ಅದು ಹನ್ನೆರಡು ಖಂಡಗಳಾಗಿ ಬಿಚ್ಚಿಕೊಳ್ಳುವಂಥದು. ಆದ್ದರಿಂದ ಅದನ್ನು ತುಂಡುತುಂಡಾಗಿ ಭಾರದ ಲಾರಿಗಳ ಮೇಲೆ ಹೆದ್ದಾರಿಯಲ್ಲಿಯೇ ಸಾಗಿಸಿಬಿಟ್ಟರು. ಆ ಕಥೆಯಲ್ಲಿ ಸ್ವಾರಸ್ಯವೇನೂ ಇಲ್ಲ. ಇನ್ನೊಂದು, ಒಳಗಿನ ಅತಿವಾಹಕ ಸುರುಳಿಗಳು. ಇವುಗಳ ತೂಕ ಇಪ್ಪತ್ತು ಟನ್ನಿಗೂ ಕಡಿಮೆ. ತೂಕ ಮಾತ್ರವೇ ಆಗಿದ್ದರೆ ಒಂದು ಲಾರಿಯ ಕೆಲಸ! ತೊಡಕೆಲ್ಲ ಅವುಗಳ ಅಗಲದಲ್ಲಿ ಮತ್ತು ನಾಜೂಕಿನಲ್ಲಿ. ಸುರುಳಿಗಳನ್ನು ಬ್ರೂಕ್‌ಹೇವನ್ನಿನಲ್ಲಿಯೇ, ಒಂದೇ ಅಖಂಡ ಬಳೆಯಾಗಿ ಸುತ್ತಿದ್ದರು.

ಕತ್ತರಿಸಿ ಒಯ್ದು ಮತ್ತೆ ಬೆಸೆಯಬಾರದೇಕೆ ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ಲೆಕ್ಕವನ್ನೇ ಮಾಡಿ ನೋಡೋಣ. ಈ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸುಮಾರು 5,200 ಆಂಪೇರು. ಅತಿವಾಹಕದಲ್ಲಿ ರೋಧವಿಲ್ಲ, ಆದ್ದರಿಂದ ಶಾಖವೂ ಇಲ್ಲ. ಒಂದು ಬೆಸುಗೆ ಸ್ವಲ್ಪ ಕೆಟ್ಟು, ಅದರ ರೋಧ ಒಂದು ಓಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಆಯಿತೆನ್ನೋಣ. ವಿದ್ಯುತ್ತಿನ ವರ್ಗವನ್ನು ರೋಧದಿಂದ ಗುಣಿಸಿದರೆ ಅಲ್ಲಿ 27 ವಾಟ್ ಶಾಖ ಹುಟ್ಟುತ್ತದೆ. ಮನೆಯ ಸಣ್ಣ ಬಲ್ಬಿನಷ್ಟು ಮಾತ್ರ. ಆದರೆ ಈ ಶಾಖ ಹುಟ್ಟುವ ಸ್ಥಳದ ಉಷ್ಣತೆ ಸೊನ್ನೆಗಿಂತ 268 ಡಿಗ್ರಿ ಕೆಳಗೆ. ಅಲ್ಲಿಂದ ಒಂದು ವಾಟ್ ಶಾಖವನ್ನು ಹೊರತೆಗೆಯಲು ಹೊರಗೆ ನೂರಾರು ವಾಟ್ ಖರ್ಚಾಗುತ್ತದೆ. ಬಳೆಯನ್ನು ನಾಲ್ಕು ತುಂಡು ಮಾಡಿದರೆ ಪ್ರತಿಯೊಂದು ಸುತ್ತಿಗೂ ನಾಲ್ಕು ಬೆಸುಗೆ, ಸುತ್ತುಗಳೋ ಹತ್ತಾರು. ನೂರಾರು ಬೆಸುಗೆಗಳಲ್ಲಿ ಒಂದು ಕೆಟ್ಟರೂ ಸಾಕು, ಅಲ್ಲಿಂದ ಶಾಖ ಹಬ್ಬಿ ತಂತಿಯು ಅತಿವಾಹಕತೆಯನ್ನು ಕಳೆದುಕೊಳ್ಳಬಹುದು. ಆದ್ದರಿಂದ ಬಳೆ ಇಡಿಯಾಗಿಯೇ ಹೋಗಬೇಕು.

ಇಡಿಯಾಗಿ ಹೋದರಷ್ಟೇ ಸಾಲದು. ದಾರಿಯಲ್ಲಿ ಅದು 3 ಮಿಲಿಮೀಟರಿಗಿಂತ ಹೆಚ್ಚು ಬಾಗಕೂಡದು, ತಿರುಚಿಕೊಳ್ಳಕೂಡದು ಎಂದು ಕಟ್ಟು ಮಾಡಿದರು. ಬಳೆಯ ಅಗಲ 15 ಮೀಟರು. ಅದನ್ನು ಕೈಗೆ ತೊಡುವ 6 ಸೆಂಟಿಮೀಟರಿನ ಬಳೆಯಷ್ಟಕ್ಕೆ ಕುಗ್ಗಿಸಿದೆವೆಂದರೆ, ಈ 3 ಮಿಲಿಮೀಟರು ತಲೆಗೂದಲಿನ ದಪ್ಪದ ಐದನೆಯ ಒಂದು ಪಾಲಿನಷ್ಟೂ ಆಗುವುದು ಕಷ್ಟ. ಅಷ್ಟು ಮಾತ್ರವೂ ಬಾಗಿಸದೆ ಒಂದು ತೆಳುವಾದ ಬಳೆಯನ್ನು ಬೆರಳುಗಳಿಂದ ಎತ್ತಿ ಇನ್ನೊಬ್ಬರ ಕೈಗೆ ಕೊಡಬೇಕಾದರೆ ಹೇಗೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಇಲ್ಲಿ ಯಂತ್ರಶಾಸ್ತ್ರದ ಒಂದು ಸೂತ್ರ ನೆರವಿಗೆ ಬರುತ್ತದೆ. ಎರಡು ತುದಿಗಳಲ್ಲಿ ಆನಿಕೆಯುಳ್ಳ ತೊಲೆಯ ದಪ್ಪವನ್ನು ಬದಲಿಸದೆ ಉದ್ದವನ್ನು ಮಾತ್ರ ಇಮ್ಮಡಿ ಮಾಡಿದರೆ, ತನ್ನ ಭಾರದಿಂದಲೇ ಅದು ನಡುವೆ ಜೋಲುವ ಪ್ರಮಾಣ ಹದಿನಾರು ಮಡಿಯಾಗುತ್ತದೆ. ಇದನ್ನೇ ತಿರುಗಿಸಿ ಹೇಳಬಹುದು: ಆನಿಕೆಗಳ ನಡುವಣ ದೂರವನ್ನು ಅರ್ಧ ಮಾಡಿದರೆ ಜೋಲು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾದರೆ ಬಳೆಯ ಸುತ್ತಲೂ ಹಲವು ಆನಿಕೆಗಳನ್ನು ಕೊಟ್ಟರಾಯಿತು. ಆದರೆ ಹಲವು ಆನಿಕೆಗಳೆಂದ ಕೂಡಲೆ ಇನ್ನೊಂದು ಪೀಡೆ ಹುಟ್ಟಿಕೊಳ್ಳುತ್ತದೆ. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಅಲುಗದೆ ನಿಲ್ಲುವುದೂ, ನಾಲ್ಕು ಕಾಲಿನದು ಕುಂಟುವುದೂ ಎಲ್ಲರೂ ಕಂಡ ಸಂಗತಿ. ಆನಿಕೆಗಳಲ್ಲಿ ಒಂದು ಕೂದಲೆಳೆಯಷ್ಟು ಕುಸಿದರೂ ಅದರ ಪಾಲಿನ ಭಾರ ಪಕ್ಕದವುಗಳ ಮೇಲೆ ಬಿದ್ದು ಬಳೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಬಂಡಿಯ ಗಾಲಿಯ ಅರಗಳಂತೆ ನಡುವಿನಿಂದ ಹೊರಟು ಬಳೆಯನ್ನು ಸುತ್ತಲೂ ಹಿಡಿಯುವ, ಬಳೆಗಿಂತ ಎಷ್ಟೋ ಬಿರುಸಾದ ಉಕ್ಕಿನ ಚೌಕಟ್ಟನ್ನು ಮಾಡಿದರು. ಅದಕ್ಕೆ ಕೆಂಪು ಬಣ್ಣ ಬಳಿದು, ಬಳೆಗೆ ಬಿಳಿಯ ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿದರು. ಮುಂದೆ ಬಾಗುವುದಿದ್ದರೆ ಚೌಕಟ್ಟು ಬಾಗಬೇಕೇ ಹೊರತು ಬಳೆಯಲ್ಲ.

ಚೌಕಟ್ಟನ್ನು ಹೊರುವ ವಾಹನದ ಯುಕ್ತಿಯೂ ತಿಳಿಯತಕ್ಕದ್ದು. ಇಂಥ ಅತಿಭಾರವಾಹನಗಳಿಗೆ ಸಾಲುಸಾಲಾಗಿ ಗಾಲಿಗಳು; ಪ್ರತಿಯೊಂದು ಗಾಲಿಜೋಡಿಯ ಮೇಲೂ ಎಣ್ಣೆ ತುಂಬಿದ ಒಂದು ಸಿಲಿಂಡರು. ಈ ಸಿಲಿಂಡರುಗಳನ್ನು ಗುಂಪುಗುಂಪಾಗಿ ಕೊಳವೆಗಳಿಂದ ಜೋಡಿಸಿರುತ್ತಾರೆ. ಒಂದು ಗಾಲಿ ಹಳ್ಳಕ್ಕೆ ಇಳಿಯಿತೆನ್ನಿ. ಪಾಸ್ಕಲನ ನಿಯಮದಂತೆ ಗುಂಪಿನೊಳಗೆಲ್ಲ ಒತ್ತಡ ಒಂದೇ ಆಗಬೇಕಾದ್ದರಿಂದ, ನೆರೆಯ ಸಿಲಿಂಡರುಗಳಿಂದ ಎಣ್ಣೆ ಅಲ್ಲಿಗೆ ಹರಿದು ಗಾಲಿಯನ್ನು ಕೆಳಕ್ಕೆ ಚಾಚುತ್ತದೆ. ಮೇಲಿನ ಹಾಸು ಮಟ್ಟವಾಗಿಯೇ ಉಳಿಯುತ್ತದೆ. ಸಾಮಾನ್ಯವಾಗಿ ಗುಂಪುಗಳು ಮೂರು. ಏಕೆಂದು ಮಣೆಯ ದೃಷ್ಟಾಂತದಿಂದಲೇ ಹೊಳೆದಿರಬೇಕು.

ಇನ್ನು ದಾರಿಯ ಮಾತು. ಬ್ರೂಕ್‌ಹೇವನ್ನಿನಿಂದ ಫರ್ಮಿ ಪ್ರಯೋಗಾಲಯಕ್ಕೆ ರಸ್ತೆಯಲ್ಲಿ ಸುಮಾರು 1,400 ಕಿಲೋಮೀಟರು. ಆದರೆ 15 ಮೀಟರು ಅಗಲದ ವಸ್ತುವನ್ನು ಅಷ್ಟು ದೂರ ಬಿಡುವ ರಸ್ತೆಯಿಲ್ಲ. ನಡುವೆ ಸೇತುವೆಗಳು, ಬೆಟ್ಟಗಳು. ರಸ್ತೆಯ ಭಾಗವನ್ನು ಹೆಲಿಕಾಪ್ಟರಿನಿಂದ ದಾಟಿಸುವ ಯೋಚನೆಯೂ ಮೊದಲಿಗೆ ಇದ್ದಿತು, ಅದನ್ನು ಕೈಬಿಟ್ಟರು. ಹಗ್ಗದಲ್ಲಿ ತೂಗಾಡುವ ಬಳೆಯ ಚಿತ್ರವನ್ನು ನೆನೆದರೆ, ಕೈಬಿಟ್ಟದ್ದೇ ಒಳ್ಳೆಯದಾಯಿತೆಂದು ನಮಗೆ ತೋರುತ್ತದೆ. ಕೊನೆಗೆ ಉಳಿದದ್ದು ನೀರು. ಲಾಂಗ್ ಐಲೆಂಡಿನ ತೀರದಿಂದ ಅಟ್ಲಾಂಟಿಕ್ ಸಾಗರದಲ್ಲಿ ದಕ್ಷಿಣಕ್ಕೆ ಇಳಿದು, ಫ್ಲಾರಿಡಾದ ತುದಿಯನ್ನು ಬಳಸಿ, ಅಲಬಾಮಾದ ಮೊಬೀಲ್ ಬಂದರಿನಲ್ಲಿ ಒಳನಾಡನ್ನು ಹೊಕ್ಕು, ನದಿಗಳಲ್ಲಿ ಉತ್ತರಕ್ಕೆ ಏರುವುದು. ಒಟ್ಟು 5,000 ಕಿಲೋಮೀಟರಿಗೂ ಹೆಚ್ಚು. ಸುತ್ತಿ ಬಳಸಿ ಹೋಗುವ ದಾರಿಯೇ ಇಲ್ಲಿ ಹತ್ತಿರದ ದಾರಿ.

ಕಡಲಿನಲ್ಲಿ ಅಲೆಗಳ ಭಯವಿಲ್ಲವೆ? ಚಪ್ಪಟೆ ತಳದ ಬಾರ್ಜು ಒಂದು ಕಡೆಗೆ ಓಲಿದರೆ ಬಳೆಯೂ ಅದರೊಡನೆ ಓಲುತ್ತದೆ. ಆದರೆ ಓಲುವುದು ಬೇರೆ, ಬಾಗುವುದು ಬೇರೆ. ಎಲ್ಲ ಭಾಗಗಳೂ ಒಟ್ಟಿಗೆ ಓಲಿದರೆ ಬಳೆಯ ಆಕಾರ ಕೆಡದು. ಭಯವಿರುವುದು ಜಗ್ಗಾಟದಿಂದ, ಬಾರ್ಜಿನ ಹಾಸೇ ತಿರುಚಿಕೊಳ್ಳುವುದರಿಂದ. ಋತುವನ್ನು ನೋಡಬೇಕಾದದ್ದು ಇದಕ್ಕೇ. ಆ ಕಡಲಿನಲ್ಲಿ ಜೂನಿನಿಂದ ನವೆಂಬರಿನವರೆಗೆ ಚಂಡಮಾರುತಗಳ ಕಾಲ; ಅವುಗಳ ಉಬ್ಬರ ಆಗಸ್ಟಿನಿಂದ ಅಕ್ಟೋಬರಿನವರೆಗೆ.

2013ರ ಜೂನ್ 22ರಂದು ಬಳೆ ಪ್ರಯೋಗಾಲಯದ ಆವರಣದಲ್ಲಿ ಚಲಿಸತೊಡಗಿತು. ಮರುರಾತ್ರಿ ಸಾರ್ವಜನಿಕ ರಸ್ತೆಯನ್ನು ಮುಚ್ಚಿ, ಅದನ್ನು ಕಡಲಿನ ದಡಕ್ಕೆ ತಂದರು. 25ರಂದು ಬಾರ್ಜು ಹೊರಟಿತು. ಮೊಬೀಲನ್ನು ದಾಟಿದ ಮೇಲೆ ಅದು ಹಿಡಿದದ್ದು ಟೆನೆಸೀ–ಟಾಂಬಿಗ್‌ಬೀ ಜಲಮಾರ್ಗವನ್ನು. ಎರಡು ನದಿಗಳನ್ನು ಕೂಡಿಸಲು ಮನುಷ್ಯರು ತೋಡಿದ ಈ ಮಾರ್ಗ 1985ರಲ್ಲಿ ತೆರೆಯಿತು. ಇದರಲ್ಲಿ ಹತ್ತು ಜಲದ್ವಾರಗಳಿವೆ. ಕೆಳಗಿನ ಬಾಗಿಲು ಮುಚ್ಚಿ ತೊಟ್ಟಿಗೆ ನೀರು ಬಿಟ್ಟರೆ ನೀರಿನೊಡನೆ ಬಾರ್ಜೂ ಏರುತ್ತದೆ. ಹತ್ತೂ ಕೂಡಿ 104 ಮೀಟರು. ಎತ್ತುವ ವಿಧಾನಗಳಲ್ಲಿ ಇಷ್ಟು ಮೃದುವಾದದ್ದು ಇನ್ನೊಂದು ಇರಲಾರದು! ಜಲದ್ವಾರದ ಅಗಲ 33 ಮೀಟರಿಗೂ ಹೆಚ್ಚು. ಅಲ್ಲಿ ಇಕ್ಕಟ್ಟೇನೂ ಆಗಲಿಲ್ಲ. ಮುಂದೆ ಟೆನೆಸೀ, ಒಹಾಯೋ, ಮಿಸಿಸಿಪಿ, ಇಲಿನಾಯ್ ನದಿಗಳನ್ನು ಹಿಡಿದು, ಜುಲೈ ತಿಂಗಳಲ್ಲಿ ಷಿಕಾಗೋ ಬಳಿಯ ಲೆಮಾಂಟ್ ಎಂಬ ಊರನ್ನು ಸೇರಿತು.

ಕಡೆಯ ಭಾಗ ಮತ್ತೆ ರಸ್ತೆ. ಹಗಲು ನಿಂತು, ಮೂರು ರಾತ್ರಿ ಸಾಗಿದರು; ವೇಗ ಗಂಟೆಗೆ 16 ಕಿಲೋಮೀಟರನ್ನು ಮೀರಲಿಲ್ಲ. ಹೆದ್ದಾರಿಯ ಸುಂಕದ ಕಟ್ಟೆಯ ಕಮಾನಿನಲ್ಲಿ ಬಳೆಯ ಪಕ್ಕದಲ್ಲಿ ಉಳಿದ ತೆರಪು ಕೆಲವೇ ಅಂಗುಲ. ಜಾತ್ರೆಯ ತೇರು ಬೀದಿಯ ಮೂಲೆಯಲ್ಲಿ ತಿರುಗುವಾಗ ಗಾಲಿಗೆ ಸೊಡ್ಡೆ ಕೊಡುವವರ ಮುಖವನ್ನು ಕಂಡವರಿಗೆ ಆ ಹೊತ್ತಿನ ಬಿಗುಪು ತಿಳಿದೀತು. ಜುಲೈ 26ರ ಬೆಳಗಿನ ಜಾವ ಬಳೆ ಫರ್ಮಿ ಪ್ರಯೋಗಾಲಯದ ಬಾಗಿಲನ್ನು ಹೊಕ್ಕಿತು. ಅದನ್ನು ಎದುರುಗೊಳ್ಳಲು ಆ ದಿನ ಸಾವಿರಾರು ಜನ ನೆರೆದಿದ್ದರು.

ಆದರೆ ಬಳೆ ಕೂರಬೇಕಾದ ಕಟ್ಟಡ ಆಗ ಸಿದ್ಧವಾಗಿರಲಿಲ್ಲ. ಒಂದು ವರ್ಷ ಅದು ಬಯಲಿನಲ್ಲಿಯೇ ಕಾಯಬೇಕಾಯಿತು. ಮನೆ ಮುಗಿಯುವ ಮೊದಲೇ ಸಾಮಾನು ತರುವುದು ಸರಿಯೆ ಎಂದು ಕೇಳಬಹುದು. ಈ ಸಂದರ್ಭದಲ್ಲಿ ಅದು ಕೆಟ್ಟ ಯೋಜನೆಯೆಂದು ನಾವು ಹೇಳಲಾರೆವು: ಅಗಲವಾದ ವಸ್ತು ಒಳಗೆ ಹೋಗುವ ಕಂಡಿಯನ್ನೂ, ಮಿಸುಕದ ದಪ್ಪ ಕಾಂಕ್ರೀಟು ನೆಲವನ್ನೂ ಅವಸರದಿಂದ ಮುಗಿಸುವುದಕ್ಕಿಂತ ಹೊದಿಕೆಯೊಳಗಿನ ಬಳೆ ಕಾಯುವುದು ಮೇಲು. 2014ರ ಜುಲೈನಲ್ಲಿ ಅದನ್ನು ಒಳಕ್ಕೆ ಸರಿಸಿ, ಉಕ್ಕಿನ ಖಂಡಗಳನ್ನು ಸುತ್ತ ಮತ್ತೆ ಜೋಡಿಸತೊಡಗಿದರು.

ಇಷ್ಟೆಲ್ಲ ಆದರೂ ಬಳೆ ನೆಟ್ಟಗಿದೆಯೆ ಎಂಬುದು ಯಾರಿಗೂ ಗೊತ್ತಿರಲಿಲ್ಲ! ಹೊರಗಿನಿಂದ ಎಷ್ಟು ಅಳೆದರೂ ಒಳಗಿನ ತಂತಿಯ ಸಣ್ಣ ಬಿರುಕು ಕಾಣದು. ದ್ರವ ಹೀಲಿಯಮಿನಿಂದ ತಣಿಸಿ, ಪೂರ್ಣ ವಿದ್ಯುತ್ತನ್ನು ಹರಿಸಿದಾಗ ಮಾತ್ರ ನಿಜ ತಿಳಿಯಬೇಕು. ಹದಿನಾಲ್ಕು ವರ್ಷ ತಣ್ಣಗಾಗದೆ ಇದ್ದ ಸುರುಳಿ 2015ರ ಸೆಪ್ಟೆಂಬರಿನಲ್ಲಿ 1.45 ಟೆಸ್ಲಾ ಕಾಂತಕ್ಷೇತ್ರವನ್ನು ಕೊಟ್ಟಿತು. ಆಮೇಲೆ ಎಳೆಯಷ್ಟು ತೆಳುವಾದ ಕಬ್ಬಿಣದ ಹಾಳೆಗಳನ್ನು ಅಲ್ಲಲ್ಲಿ ಸೇರಿಸಿ, ಕ್ಷೇತ್ರವನ್ನು ಬ್ರೂಕ್‌ಹೇವನ್ನಿನಲ್ಲಿ ಇದ್ದುದಕ್ಕಿಂತ ಮೂರು ಪಾಲು ಹೆಚ್ಚು ಏಕರೂಪವಾಗಿ ಮಾಡಿದರು.

2018ರಿಂದ 2023ರ ಜುಲೈವರೆಗೆ ಮ್ಯೂಆನುಗಳು ಅದರೊಳಗೆ ಸುತ್ತಿದವು. 2021ರಲ್ಲಿಯೂ 2023ರಲ್ಲಿಯೂ ಹೊರಬಿದ್ದ ಫಲಿತಾಂಶಗಳು ಬ್ರೂಕ್‌ಹೇವನ್ನಿನ ಅಳತೆ ಸರಿಯೆಂದೇ ತೋರಿಸಿದವು. 2025ರ ಜೂನ್ 3ರಂದು ಪ್ರಕಟವಾದ ಅಂತಿಮ ಫಲಿತಾಂಶದ ನಿಖರತೆ ನೂರು ಕೋಟಿಯಲ್ಲಿ 127 ಪಾಲು. ಹಿಂದಿನದಕ್ಕಿಂತ ನಾಲ್ಕು ಮಡಿಗೂ ಹೆಚ್ಚು. ಇಷ್ಟರಲ್ಲಿ ಲೆಕ್ಕದ ಕಡೆಯೇ ಬದಲಾವಣೆಯಾಗಿದ್ದಿತು. ಗಣಕಯಂತ್ರಗಳ ನೆರವಿನಿಂದ ಮೂಲತತ್ತ್ವಗಳಿಂದಲೇ ಹೊರಟು ಮಾಡಿದ ಹೊಸ ಲೆಕ್ಕಗಳು ಅಳತೆಯೊಡನೆ ಹೊಂದುತ್ತವೆ. ಎಲೆಕ್ಟ್ರಾನು ಪಾಸಿಟ್ರಾನುಗಳ ಡಿಕ್ಕಿಯ ಪ್ರಯೋಗಗಳನ್ನು ಆಧರಿಸಿದ ಹಳೆಯ ಲೆಕ್ಕಗಳು ಹೊಂದುವುದಿಲ್ಲ. ಆ ಡಿಕ್ಕಿಯ ಪ್ರಯೋಗಗಳಲ್ಲಿಯೂ ಒಂದಕ್ಕೊಂದು ಹೊಂದಿಕೆಯಿಲ್ಲ. 2023ರಲ್ಲಿ ರಷ್ಯದ ನೋವೋಸಿಬಿರ್ಸ್ಕ್ ನಗರದಿಂದ ಬಂದ ಅಳತೆ ಅದಕ್ಕೆ ಹಿಂದಿನವುಗಳಿಂದ ಬೇರೆಯಾಗಿದೆ. ಅವುಗಳಲ್ಲಿ ಯಾವುದು ಸರಿಯೆಂಬ ಶೋಧನೆ ಈಗ ನಡೆಯುತ್ತಿದೆ.