ಥ್ಯಾಂಕ್ಸ್‌ಗಿವಿಂಗ್ ಊಟ: ನಂಬಿದ್ದೆಷ್ಟು, ನಿಜವೆಷ್ಟು?

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದ ಮನೆಗಳಲ್ಲಿ ಬೆಳಗಾಗುತ್ತಲೇ ಅಡುಗೆ ಶುರುವಾಗುತ್ತದೆ. ಅವನ್‌ನಲ್ಲಿ ಇಡಿಯಾಗಿ ಬೇಯುವ ಟರ್ಕಿ ಕೋಳಿ, ಮಸೆದ ಆಲೂಗಡ್ಡೆ, ಬ್ರೆಡ್ಡಿನ ಸ್ಟಫಿಂಗ್, ಕ್ರ್ಯಾನ್‌ಬೆರಿ ಸಾಸ್, ಕೊನೆಗೆ ಸಿಹಿಗುಂಬಳದ ಪೈ. ಯಾರು ಏನು ಮಾಡಿ ತರಬೇಕೆಂಬ ಹಂಚಿಕೆ ವಾರ ಮೊದಲೇ ಆಗಿರುತ್ತದೆ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಲ್ಲಿ ಕೆಲವು ಸಹೋದ್ಯೋಗಿಗಳ ಮನೆಗೆ ಊಟಕ್ಕೆ ಹೋಗುತ್ತವೆ, ಕೆಲವು ತಾವೇ ನಾಲ್ಕು ಮನೆಯವರನ್ನು ಕರೆದು ಬಡಿಸುತ್ತವೆ.

ಈ ಊಟದ ಬಗ್ಗೆ ಎರಡು ಬಗೆಯ ತಪ್ಪು ನಂಬಿಕೆಗಳಿವೆ. ಇತಿಹಾಸದ ಬಗೆಗಿನವು ಅಡುಗೆ ಮಾಡುವವರ ಮೇಲೆ ಇಲ್ಲದ ಹೊರೆ ಹೊರಿಸುತ್ತವೆ. ಅಡುಗೆಯ ಬಗೆಗಿನವು ಉಂಡವರ ಆರೋಗ್ಯವನ್ನೇ ಕೆಡಿಸಬಲ್ಲವು.

ತಪ್ಪು ಕಲ್ಪನೆ: ಇಂದು ಬಡಿಸುವುದೆಲ್ಲ 1621ರ ಮೊದಲ ಊಟದಲ್ಲೇ ಇತ್ತು.

ಸತ್ಯ: ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸಿಗರು ಸುಗ್ಗಿಯ ಊಟ ಮಾಡಿದ್ದು ನಿಜ. ಅದಕ್ಕೆ ಉಳಿದಿರುವ ಮುಖ್ಯ ಸಾಕ್ಷ್ಯವೆಂದರೆ ಆ ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೋ ಅದೇ ವರ್ಷ ಡಿಸೆಂಬರ್‌ನಲ್ಲಿ ಬರೆದ ಪತ್ರ. ನಾಲ್ವರು ಹೋಗಿ ಹಕ್ಕಿ ಬೇಟೆಯಾಡಿ ತಂದರು, ವಾಂಪನೋಗ್ ಜನರ ನಾಯಕ ಮಾಸಾಸೊಯಿಟ್ ಸುಮಾರು 90 ಮಂದಿಯೊಡನೆ ಬಂದ, ಅವರು ಐದು ಜಿಂಕೆ ಬೇಟೆಯಾಡಿ ಕೊಟ್ಟರು, ಊಟೋಪಚಾರ ಮೂರು ದಿನ ನಡೆಯಿತು ಎಂದು ಅದರಲ್ಲಿದೆ. ಅವು ಯಾವ ಹಕ್ಕಿಗಳೆಂದು ಆತ ಹೇಳಿಲ್ಲ. ಆ ಕಾಲದಲ್ಲಿ ಕಾಡು ಟರ್ಕಿಗಳು ಹೇರಳವಾಗಿದ್ದವೆಂದು ವಲಸಿಗರಲ್ಲೇ ಇನ್ನೊಬ್ಬನಾದ ವಿಲಿಯಂ ಬ್ರಾಡ್‌ಫರ್ಡ್ ಬೇರೆಡೆ ಬರೆದಿದ್ದಾನೆ. ಹಾಗಾಗಿ ಟರ್ಕಿ ಇದ್ದಿರಬಹುದು, ಬಾತುಕೋಳಿಯೂ ಇದ್ದಿರಬಹುದು. ಆಲೂಗಡ್ಡೆ ಮಾತ್ರ ಇರಲಿಲ್ಲ. ದಕ್ಷಿಣ ಅಮೆರಿಕದ ಆ ಬೆಳೆ ಇನ್ನೂ ನ್ಯೂ ಇಂಗ್ಲೆಂಡಿನ ಹೊಲ ಸೇರಿರಲಿಲ್ಲ. ಪ್ಲಿಮತ್‌ಗೆ ಹಸುಗಳು ಬಂದದ್ದೇ 1624ರಲ್ಲಿ; ಹಾಲು ಬೆಣ್ಣೆಯಿಲ್ಲದ ಊರಿನಲ್ಲಿ ಇಂದಿನ ಪೈ ಆಗುವಂತಿರಲಿಲ್ಲ. ಅವರ ಕೈಯಲ್ಲಿದ್ದ ಧಾನ್ಯ ಮೆಕ್ಕೆಜೋಳ. ಅದನ್ನು ಅಲ್ಲಿ ಬೆಳೆಯುವುದು ಹೇಗೆಂದು ತೋರಿಸಿಕೊಟ್ಟವನು ಸ್ಥಳೀಯನಾದ ಟಿಸ್ಕ್ವಾಂಟಮ್.

ಆ ಊಟದ ನಂತರದ ದಶಕಗಳಲ್ಲಿ ವಾಂಪನೋಗ್ ಜನ ಯುದ್ಧದಲ್ಲೂ ರೋಗದಲ್ಲೂ ನೆಲ, ಜೀವ ಎರಡನ್ನೂ ಕಳೆದುಕೊಂಡರು. 1970ರಿಂದ ಅಲ್ಲಿನ ಮೂಲನಿವಾಸಿಗಳು ಇದೇ ಗುರುವಾರ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ. ಮಕ್ಕಳಿಗೆ ಹಬ್ಬದ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು.

ತಪ್ಪು ಕಲ್ಪನೆ: ಈ ಪದ್ಧತಿ 400 ವರ್ಷಗಳಿಂದ ಬದಲಾಗದೆ ಬಂದಿದೆ.

ಸತ್ಯ: ಇಂದಿನ ರೂಪ ಬಹುಪಾಲು 19ನೇ ಶತಮಾನದ್ದು. ಪತ್ರಿಕಾ ಸಂಪಾದಕಿ ಸಾರಾ ಜೋಸೆಫಾ ಹೇಲ್ 1827ರ ತಮ್ಮ ಕಾದಂಬರಿಯಲ್ಲೇ ಟರ್ಕಿ, ಸಿಹಿಗುಂಬಳದ ಪೈ ಇರುವ ಥ್ಯಾಂಕ್ಸ್‌ಗಿವಿಂಗ್ ಊಟವನ್ನು ವರ್ಣಿಸಿದ್ದರು. ದೇಶಕ್ಕೆಲ್ಲ ಒಂದೇ ದಿನ ಈ ಹಬ್ಬ ಆಗಬೇಕೆಂದು ವರ್ಷಾನುಗಟ್ಟಲೆ ಬರೆದರು. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ ನವೆಂಬರ್ ತಿಂಗಳ ಕೊನೆಯ ಗುರುವಾರವನ್ನು ಘೋಷಿಸಿದರು. ನಾಲ್ಕನೇ ಗುರುವಾರವೆಂದು ಕಾನೂನು ಆದದ್ದು 1941ರಲ್ಲಿ. ಅನೇಕರು ಅಜ್ಜಿಯ ಕಾಲದ್ದೆಂದು ನಂಬುವ ಬೀನ್ಸ್ ಕ್ಯಾಸರೋಲ್ ಕ್ಯಾಂಪ್ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ 1955ರಲ್ಲಿ ಡಾರ್ಕಸ್ ರೈಲಿ ರೂಪಿಸಿದ ತಿನಿಸು. ಪ್ರತಿ ತಲೆಮಾರೂ ಈ ಊಟಕ್ಕೆ ತನ್ನದೊಂದನ್ನು ಸೇರಿಸಿದೆ. ನಿಮ್ಮ ಮನೆಯವರು ಬಿಸಿಬೇಳೆಬಾತ್ ಮಾಡಿ, ಕ್ರ್ಯಾನ್‌ಬೆರಿಗೆ ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಗೊಜ್ಜು ಕಾಯಿಸಿದರೆ ಹಬ್ಬಕ್ಕೇನೂ ಲೋಪವಿಲ್ಲ.

ತಪ್ಪು ಕಲ್ಪನೆ: ಟರ್ಕಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸಸ್ಯಾಹಾರ.

ಸತ್ಯ: ಸಸ್ಯಾಹಾರಿ ಅತಿಥಿಗಳು ಹೆಚ್ಚು ಎಡವುವುದು ಇಲ್ಲಿ. ಬ್ರೆಡ್, ಈರುಳ್ಳಿ, ಸೆಲರಿಯ ಸ್ಟಫಿಂಗ್‌ಗೆ ಸಾಮಾನ್ಯವಾಗಿ ಹಾಕುವುದು ಕೋಳಿ ಬೇಯಿಸಿದ ರಸ. ಗ್ರೇವಿ ತಯಾರಾಗುವುದು ಟರ್ಕಿಯಿಂದ ಇಳಿದ ಕೊಬ್ಬು, ರಸಗಳಲ್ಲಿ. ಗೆಣಸಿನ ಮೇಲೆ ಕರಗಿಸುವ ಮಾರ್ಷ್‌ಮೆಲೊದಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಕೆಲವರು ಪೈ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುತ್ತಾರೆ. ಕರೆದವರನ್ನು ಮೊದಲೇ ಕೇಳಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ಕೇಳಿದರೆ ತರಕಾರಿ ಬೇಯಿಸಿದ ನೀರಿನಲ್ಲಿ ಸ್ಟಫಿಂಗನ್ನು ಬೇರೆ ಪಾತ್ರೆಯಲ್ಲಿ ಮಾಡಿಡುವುದು ಅವರಿಗೂ ಸುಲಭ.

ತಪ್ಪು ಕಲ್ಪನೆ: ಟರ್ಕಿಯನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದರೆ ಶುದ್ಧ.

ಸತ್ಯ: ಅರಿಶಿನ, ಉಪ್ಪು ಹಚ್ಚಿ ಮಾಂಸ ತೊಳೆದು ಬೆಳೆದವರಿಗೆ ಇದನ್ನು ಒಪ್ಪುವುದು ಕಷ್ಟವೇ. ಆದರೆ ಹಸಿ ಮಾಂಸದಲ್ಲಿರುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ರೋಗಾಣುಗಳು ತೊಳೆದರೆ ಹೋಗುವುದಿಲ್ಲ. ಸಿಡಿಯುವ ಹನಿಗಳೊಂದಿಗೆ ಸಿಂಕ್, ಕಟ್ಟೆ, ಪಕ್ಕದಲ್ಲಿ ಹೆಚ್ಚಿಟ್ಟ ಸೊಪ್ಪಿಗೂ ತಗಲುತ್ತವೆ. ಅವನ್ನು ಕೊಲ್ಲುವುದು ಬೆಂಕಿಯ ಕಾವು. ತೊಳೆಯಬೇಡಿ ಎಂಬುದೇ ಅಮೆರಿಕದ ಕೃಷಿ ಇಲಾಖೆಯ ಸಲಹೆ.

ತಪ್ಪು ಕಲ್ಪನೆ: ಮಂಜುಗಟ್ಟಿದ ಟರ್ಕಿಯನ್ನು ರಾತ್ರಿ ಕಟ್ಟೆಯ ಮೇಲಿಟ್ಟರೆ ಬೆಳಗ್ಗೆ ಅಡುಗೆಗೆ ಸಿದ್ಧ.

ಸತ್ಯ: ಒಳಗೆ ಮಂಜುಗಡ್ಡೆ ಇರುವಾಗಲೇ ಹೊರಭಾಗ ಕೋಣೆಯ ಉಷ್ಣತೆಗೆ ಬಂದಿರುತ್ತದೆ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬಹಳ ಬೇಗ ಹೆಚ್ಚುತ್ತವೆ. ಆದ್ದರಿಂದ ಫ್ರಿಜ್‌ನಲ್ಲೇ ಇಟ್ಟು ಕರಗಿಸಬೇಕು. ಸುಮಾರು 2 ಕಿಲೋಗೆ ಒಂದು ದಿನದ ಲೆಕ್ಕ. 7 ಕಿಲೋ ಹಕ್ಕಿಯನ್ನು ಭಾನುವಾರವೇ ಫ್ರೀಜರ್‌ನಿಂದ ಕೆಳಗಿಳಿಸಿದರೆ ಗುರುವಾರಕ್ಕೆ ಸರಿಯಾಗುತ್ತದೆ. ಮರೆತಿದ್ದರೆ, ನೀರು ನುಗ್ಗದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ. ಪೂರ್ತಿ ಕರಗದ ಟರ್ಕಿಯನ್ನು ಕಾದ ಎಣ್ಣೆಗೆ ಎಂದೂ ಬಿಡಬೇಡಿ. ಮಂಜು ಆ ಕ್ಷಣದಲ್ಲೇ ಆವಿಯಾಗಿ ಎಣ್ಣೆ ಉಕ್ಕುತ್ತದೆ, ಒಲೆಗೆ ಚೆಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಚರ್ಮ ಕೆಂಪಗಾಗಿ, ರಸ ತಿಳಿಯಾಗಿ ಇಳಿದರೆ ಬೆಂದಿದೆ.

ಸತ್ಯ: ಬಣ್ಣ ನೋಡಿ ಹೇಳಲಾಗದು. ಪೂರ್ತಿ ಬೆಂದ ಮಾಂಸವೂ ಗುಲಾಬಿಯಾಗಿ ಉಳಿಯಬಹುದು, ಬೇಯದ್ದೂ ಬಣ್ಣ ಬಿಡಬಹುದು. ಅಡುಗೆಯ ಥರ್ಮಾಮೀಟರನ್ನು ಎದೆಯ ದಪ್ಪ ಭಾಗಕ್ಕೆ, ತೊಡೆ ಮತ್ತು ರೆಕ್ಕೆಯ ಒಳಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ ನೋಡಿ. ಎಲ್ಲೆಡೆ 74 ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿನ ಅಳತೆಯ 165 ಡಿಗ್ರಿ ಫ್ಯಾರನ್‌ಹೀಟ್, ತೋರಿಸಬೇಕು. ಹೊಟ್ಟೆಯೊಳಗೆ ಸ್ಟಫಿಂಗ್ ತುಂಬಿದ್ದರೆ ಅದರ ನಡುಭಾಗಕ್ಕೂ ಇದೇ ಅಳತೆ.

ತಪ್ಪು ಕಲ್ಪನೆ: ಊಟದ ನಂತರ ಕಣ್ಣು ಎಳೆಯುವುದಕ್ಕೆ ಟರ್ಕಿಯಲ್ಲಿರುವ ಟ್ರಿಪ್ಟೊಫ್ಯಾನ್ ಕಾರಣ.

ಸತ್ಯ: ಆ ಅಂಶ ಮಾಮೂಲಿ ಕೋಳಿಯಲ್ಲೂ ಸರಿಸುಮಾರು ಅಷ್ಟೇ ಇದೆ. ಇತರ ಅಮೈನೊ ಆಮ್ಲಗಳ ಜೊತೆಗೆ ಬರುವುದರಿಂದ ಮಿದುಳಿಗೆ ಸೇರುವುದು ಸ್ವಲ್ಪವೇ. ನಿದ್ದೆ ತರಿಸುವುದು ಊಟದ ಪ್ರಮಾಣ, ಆಲೂಗಡ್ಡೆ, ಬ್ರೆಡ್, ಪೈಗಳ ಪಿಷ್ಟ ಮತ್ತು ಸಕ್ಕರೆ, ಜೊತೆಗೆ ವೈನ್. ಕಡಿಮೆ ಬಡಿಸಿಕೊಂಡು ಊಟದ ನಂತರ ಒಂದು ಸುತ್ತು ನಡೆದು ಬಂದರೆ ಮೈ ಹಗುರಾಗುತ್ತದೆ.

ತಪ್ಪು ಕಲ್ಪನೆ: ಉಳಿದದ್ದು ಪೂರ್ತಿ ಆರಿದ ಮೇಲೆಯೇ ಫ್ರಿಜ್‌ಗೆ ಇಡಬೇಕು.

ಸತ್ಯ: ಮಾತಾಡುತ್ತ ಕೂತು ಸಂಜೆಯವರೆಗೆ ಪಾತ್ರೆಗಳನ್ನು ಮೇಜಿನ ಮೇಲೆ ಬಿಡುವುದೇ ಅಪಾಯ. ಅವನ್‌ನಿಂದ ತೆಗೆದ ಎರಡು ಗಂಟೆಯೊಳಗೆ, ಬೆಚ್ಚಗಿದ್ದರೂ ಸರಿ, ಮಾಂಸ ಬಿಡಿಸಿ ಅಗಲವಾದ ತಗ್ಗು ಡಬ್ಬಿಗಳಿಗೆ ಹಾಕಿ ಫ್ರಿಜ್‌ಗೆ ಸೇರಿಸಿ. ಅನ್ನ, ಗ್ರೇವಿ, ಪಲ್ಯಗಳಿಗೂ ಇದೇ ನಿಯಮ. ಮೂರು ನಾಲ್ಕು ದಿನದಲ್ಲಿ ತಿಂದು ಮುಗಿಸಿ, ಇಲ್ಲವೇ ಫ್ರೀಜರ್‌ನಲ್ಲಿಡಿ.

ಏನು ಬಡಿಸಬೇಕೆಂಬುದನ್ನು ಯಾವ ಶಾಸ್ತ್ರವೂ ಕಟ್ಟಿಹಾಕಿಲ್ಲ, ಅದು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಆದ್ದರಿಂದ ಪಟ್ಟಿಯನ್ನು ನಿಮ್ಮ ಮನೆಯವರ ನಾಲಿಗೆ, ನಂಬಿಕೆಗೆ ಹೊಂದಿಸಿಕೊಳ್ಳಿ. ಬೇಯಿಸುವ ಕಾವು, ಎತ್ತಿಡುವ ಹೊತ್ತು ಇವೆರಡರಲ್ಲಿ ಮಾತ್ರ ರಾಜಿ ಬೇಡ. ಊಟಕ್ಕೆ ಕೂರುವವರಲ್ಲಿ ಹಸುಗೂಸೂ ಇರುತ್ತದೆ, ಬಸುರಿಯೂ ಇರುತ್ತಾಳೆ, ವಯಸ್ಸಾದ ತಾತನೂ ಇರುತ್ತಾರೆ. ಕೆಟ್ಟ ಊಟದ ಪೆಟ್ಟು ಮೊದಲು ಬೀಳುವುದು ಅವರ ಮೇಲೆಯೇ.