ಗರಸು ಹಾದಿಯ ಸೈಕಲ್ಲು, ಗಡಿಸೀಮೆಯ ಗುಡ್ಡಗಳು

ಡಾಂಬರು ಬಿಟ್ಟು ಗರಸು, ಜಲ್ಲಿ, ಮಣ್ಣಿನ ಹಾದಿಗಳಲ್ಲಿ ದೂರ ಸಾಗುವ ಸೈಕಲ್ ಸವಾರಿಗೆ ಗ್ರಾವೆಲ್ ಬೈಕಿಂಗ್ ಎಂಬ ಹೆಸರಿದೆ. ನುಣುಪು ರಸ್ತೆಯಲ್ಲಿ ಓಡುವ ರೇಸ್ ಸೈಕಲ್ಲಿಗೂ ಬಂಡೆ, ಬೇರು, ಕೊರಕಲುಗಳ ಮೇಲೆ ಹಾರಿಕೊಂಡು ಇಳಿಯುವ ಮೌಂಟನ್ ಬೈಕಿಗೂ ನಡುವಿನ ಜಾಗ ಇದರದು. ಇದಕ್ಕೆ ದಾರಿ ಬೇಕು, ಆದರೆ ಆ ದಾರಿಯಲ್ಲಿ ಲಾರಿ, ಬಸ್ಸು, ಕಾರುಗಳ ಕಾಟ ಇರಬಾರದು. ಮರ ಸಾಗಿಸಲು, ಕಾಡ್ಗಿಚ್ಚು ತಡೆಯಲು, ಹೊಲಕ್ಕೆ ಬಂಡಿ ಹೊಡೆಯಲು ಮಾಡಿಕೊಂಡ ಹಾದಿಗಳು ಉಳಿದಿರುವ ಕಾಡು ಗುಡ್ಡಗಳ ಸೀಮೆಯೇ ಇದರ ತವರು.

ಈ ಸೈಕಲ್ಲಿನ ಗುಟ್ಟೆಲ್ಲ ಟೈರಿನಲ್ಲಿದೆ. ರೇಸ್ ಸೈಕಲ್ಲಿನ ಟೈರು ಸಾಮಾನ್ಯವಾಗಿ 25ರಿಂದ 28 ಮಿಲಿಮೀಟರ್ ಅಗಲ. ಗ್ರಾವೆಲ್ ಸೈಕಲ್ಲಿನದು 38ರಿಂದ 50 ಮಿಲಿಮೀಟರ್, ಅದರಲ್ಲಿ ತುಂಬುವ ಗಾಳಿ ರೇಸ್ ಟೈರಿನದರ ಅರ್ಧಕ್ಕಿಂತ ಕಡಿಮೆ, ಸುಮಾರು 30ರಿಂದ 40 ಪಿಎಸ್‌ಐ. ಗಾಳಿ ಕಡಿಮೆಯಾದರೆ ತುಳಿಯುವುದು ಭಾರವಾಗುತ್ತದೆ ಎಂಬುದು ಡಾಂಬರಿನ ಅನುಭವ. ಗರಸಿನ ಮೇಲೆ ಲೆಕ್ಕ ತಿರುವುಮುರುವು. ಬಿಗಿಯಾದ ಟೈರು ಕಲ್ಲು ಸಿಕ್ಕಿದಾಗಲೆಲ್ಲ ಪುಟಿಯುತ್ತದೆ. ಪ್ರತಿ ಪುಟಿತಕ್ಕೂ ಸೈಕಲ್ಲು, ಸವಾರ ಇಬ್ಬರೂ ಎದ್ದು ಬೀಳುತ್ತಾರೆ, ಮುಂದಕ್ಕೆ ಒಯ್ಯಬೇಕಾದ ಶಕ್ತಿ ಈ ಕುಲುಕಾಟದಲ್ಲೇ ಸೋರಿಹೋಗುತ್ತದೆ. ಕೊಂಚ ಸಡಿಲವಾದ ಟೈರು ಅದೇ ಕಲ್ಲನ್ನು ತನ್ನೊಳಕ್ಕೆ ಒತ್ತಿಕೊಂಡು ದಾಟುತ್ತದೆ. ಉಳಿದ ಭಾಗಗಳನ್ನು ಬೇಗ ಹೇಳಿ ಮುಗಿಸಬಹುದು. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿ ತುದಿಯಲ್ಲಿ ಸ್ವಲ್ಪ ಅಗಲವಾಗುತ್ತದೆ, ಕೈ ಹಿಡಿತ ಬದಲಿಸುತ್ತ ತಾಸುಗಟ್ಟಲೆ ಕೂರಲು ಅದರಿಂದ ಅನುಕೂಲ. ಕೆಸರು ಮೆತ್ತಿದರೂ ಹಿಡಿಯುವ ಡಿಸ್ಕ್ ಬ್ರೇಕ್ ಇರುತ್ತದೆ. ಹಿಂದಿನ ಚಕ್ರದ ದೊಡ್ಡ ಗೇರಿಗೆ ಮುಂದಿನದಕ್ಕಿಂತ ಹೆಚ್ಚು ಹಲ್ಲುಗಳಿರುವುದರಿಂದ ಪೆಡಲು ಒಂದು ಸುತ್ತು ತುಳಿದರೆ ಚಕ್ರ ಒಂದು ಸುತ್ತಿಗಿಂತ ಕಡಿಮೆ ಉರುಳುತ್ತದೆ. ಸಡಿಲ ಗರಸಿನ ಏರಿನಲ್ಲಿ ಕೆಳಗಿಳಿಯದೆ ಹತ್ತುವುದು ಇದರಿಂದಲೇ.

ಇದೆಲ್ಲ ಹೊಸ ಶೋಧದಂತೆ ಕಂಡರೂ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತ ಕಪ್ಪು ಸೈಕಲ್ಲು ಇದರ ಹತ್ತಿರದ ನೆಂಟ. ಆ ಸೈಕಲ್ಲಿನ ಟೈರು ಒಂದೂವರೆ ಇಂಚು, ಎಂದರೆ ಸುಮಾರು 38 ಮಿಲಿಮೀಟರ್. ಎರಡು ಚಕ್ರಗಳ ನಡುವಿನ ಅಂತರ ಉದ್ದ, ಚೌಕಟ್ಟಿನ ಕೋನ ಓರೆ, ಆದ್ದರಿಂದ ಕುಲುಕು ಕಡಿಮೆ. ಇಂದಿನ ದುಬಾರಿ ಗ್ರಾವೆಲ್ ಸೈಕಲ್ಲು ಹೊಗಳಿಸಿಕೊಳ್ಳುವುದೂ ಇದೇ ಗುಣಗಳಿಗೆ. ವ್ಯತ್ಯಾಸ ಇರುವುದು ತೂಕದಲ್ಲಿ, ಗೇರಿನಲ್ಲಿ, ಬ್ರೇಕಿನಲ್ಲಿ. ಕಪ್ಪು ಸೈಕಲ್ಲು ಸುಮಾರು 20 ಕೆ.ಜಿ., ಗ್ರಾವೆಲ್ ಸೈಕಲ್ಲು ಅದರ ಅರ್ಧ. ಕ್ರೀಡೆಯಾಗಿ ಇದು ಹೆಸರು ಮಾಡಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಶುರುವಾದ 200 ಮೈಲಿ ಓಟದಿಂದ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ್ದು 2022ರಲ್ಲಿ, ಇಟಲಿಯ ವೆನೆಟೊ ಪ್ರಾಂತದಲ್ಲಿ. ಆದರೆ ಸ್ಪರ್ಧೆ ಈ ಸವಾರಿಯ ಒಂದು ಸಣ್ಣ ಮೂಲೆ. ಬಹುಪಾಲು ಜನ ಇದಕ್ಕೆ ಇಳಿಯುವುದು ಬೆನ್ನ ಹಿಂದೆ ಹಾರನ್ ಕೇಳಿಸದ ದಾರಿಗಾಗಿ.

ಅಂಥ ದಾರಿಗಳು ರಾಯದುರ್ಗ ಮತ್ತು ಮಡಕಶಿರಾ ಸೀಮೆಯಲ್ಲಿ ಧಾರಾಳವಾಗಿವೆ, ಅದಕ್ಕೆ ಅರ್ಧ ಕಾರಣ ಭೂಗೋಳ, ಇನ್ನರ್ಧ ಚರಿತ್ರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಅದರ ಪಾಲಿಗೆ ಹೋದವು, ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಸೇರಿತು. ರಾಯದುರ್ಗ ಅನಂತಪುರ ಜಿಲ್ಲೆಯ ತಾಲ್ಲೂಕಾಯಿತು. ಅದೇ ಜಿಲ್ಲೆಯ ಇನ್ನೊಂದು ತುದಿಯ ಮಡಕಶಿರಾ, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮಡಕಶಿರಾ, ಅಮರಾಪುರ, ಗುಡಿಬಂಡ, ರೊಳ್ಳ, ಅಗಳಿ ಮಂಡಲಗಳನ್ನು ನಕ್ಷೆಯಲ್ಲಿ ನೋಡಿದರೆ ಕರ್ನಾಟಕದ ಹೊಟ್ಟೆಯೊಳಕ್ಕೆ ಚಾಚಿದ ನೆಲ. ಅದರ ಬಡಗಣ ಪಾವಗಡ ತಿರುಗಾ ಆಂಧ್ರದೊಳಕ್ಕೆ ಚಾಚಿದ ಕರ್ನಾಟಕ. ಇಂಥ ಗಡಿಯಲ್ಲಿ ಬಸ್ಸೂ ಸರಕೂ ಸಾಮಾನ್ಯವಾಗಿ ಅವರವರ ತಾಲ್ಲೂಕು ಕೇಂದ್ರದ ಕಡೆಗೇ ಹರಿಯುತ್ತವೆ. ಎರಡು ರಾಜ್ಯಗಳ ಅಕ್ಕಪಕ್ಕದ ಹಳ್ಳಿಗಳ ನಡುವೆ ಉಳಿಯುವುದು ನೆಂಟಸ್ತಿಕೆ, ಜಾತ್ರೆ, ಸಂತೆಗಳಿಗೆ ಸವೆದ ಬಂಡಿ ಜಾಡು. ಸೈಕಲ್ಲಿನವರಿಗೆ ಬೇಕಾದದ್ದು ಅದೇ. ದಾರಿ ಕೇಳಲು ಗಡಿಯ ಎರಡೂ ಬದಿಯಲ್ಲಿ ಕನ್ನಡ ಸಾಕು.

2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಹಳ್ಳಿಗಳಿಗೆ ಡಾಂಬರು ತಂದಿತು. ಹಾಗೆ ಡಾಂಬರು ಬಿದ್ದ ಕಡೆ ಹಳೆಯ ಅಡ್ಡದಾರಿಗೆ ಹೋಗುತ್ತಿದ್ದ ವಾಹನಗಳೂ ಹೊಸ ರಸ್ತೆಗೆ ಹೊರಳುತ್ತವೆ, ಅಡ್ಡದಾರಿ ಕುರಿ, ದನ, ಟ್ರ್ಯಾಕ್ಟರಿಗೆ ಉಳಿಯುತ್ತದೆ. ಹೊಲಗಳ ನಡುವಿನ ಮಣ್ಣು ದಾರಿಗಳಿಗೆ ಇನ್ನೊಂದು ಮೂಲವೂ ಉಂಟು: ಉದ್ಯೋಗ ಖಾತ್ರಿ ಕೆಲಸ. ಆ ಯೋಜನೆ 2006ರ ಫೆಬ್ರುವರಿ 2ರಂದು ಉದ್ಘಾಟನೆಯಾದದ್ದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ.

ನೆಲದ ಗುಣ ತೆಂಕಣಕ್ಕೂ ಬಡಗಣಕ್ಕೂ ಬೇರೆ. ರಾಮನಗರದಿಂದ ಪಾವಗಡ, ಕಲ್ಯಾಣದುರ್ಗದ ಕಡೆ ಹಾದು ಹಂಪಿಯವರೆಗೆ ಚಾಚಿರುವ, ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಈ ಸೀಮೆಯ ಬೆನ್ನೆಲುಬು. ಬಿಸಿಲು ಮಳೆಗೆ ಗ್ರಾನೈಟು ಶಿಥಿಲವಾದರೆ ಅದರ ಮೆತ್ತನೆಯ ಖನಿಜಗಳು ಕೆಂಪು ಜೇಡಿಯಾಗುತ್ತವೆ, ಬೆಣಚುಕಲ್ಲಿನ ಕಾಳು ಹಾಗೇ ಉಳಿಯುತ್ತದೆ. ಇವೆರಡರ ಮಿಶ್ರಣವೇ ಗರಸು. ಒಂದು ಹದ ಮಳೆ ಬಿದ್ದ ಮಾರನೆಯ ದಿನ ಇದು ಗಟ್ಟಿಯಾಗಿ ಕೂತು ಸವಾರಿಗೆ ಅತ್ಯುತ್ತಮ ನೆಲವಾಗುತ್ತದೆ. ತಿಂಗಳುಗಟ್ಟಲೆ ಒಣಗಿದರೆ ಜೇಡಿ ಧೂಳಾಗಿ ಹಾರಿ ಮೇಲೆ ಬರೀ ಕಾಳು ಉಳಿಯುತ್ತದೆ, ಆಗ ತಿರುವುಗಳಲ್ಲಿ ಮುಂದಿನ ಚಕ್ರ ಜಾರುತ್ತದೆ. ಮಡಕಶಿರಾ, ರೊಳ್ಳದ ಸುತ್ತ ಇದೇ ನೆಲ.

ರಾಯದುರ್ಗದಿಂದ ಬಡಗಣಕ್ಕೆ, ಕಣೇಕಲ್ಲು, ಬೊಮ್ಮನಹಾಳಿನ ಕಡೆ ಎರೆ ನೆಲ ಸಿಗುತ್ತದೆ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟ ಗಟ್ಟಿ ಹಾಸು. ಒಂದು ಮಳೆ ಬಿದ್ದರೆ ಟೈರಿಗೆ ಮೆತ್ತಿ, ಚೌಕಟ್ಟಿನ ಸಂದಿಯಲ್ಲಿ ಕೂತು, ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರವನ್ನೇ ನಿಲ್ಲಿಸುತ್ತದೆ. ಆಗ ಸೈಕಲ್ಲನ್ನು ಹೆಗಲ ಮೇಲೆ ಹೊರುವುದು ಬಿಟ್ಟು ಬೇರೆ ಉಪಾಯವಿಲ್ಲ. ವೇದಾವತಿ ಹೊಳೆಯ ದಂಡೆಯಲ್ಲಿ ಗಾಳಿ ಹೊತ್ತು ತಂದ ಮರಳಿನ ದಿಬ್ಬಗಳೂ ಇವೆ. ಮರಳಿನಲ್ಲಿ ಗಾಳಿ ಇನ್ನಷ್ಟು ಇಳಿಸಿ, ಹ್ಯಾಂಡಲ್ಲನ್ನು ಬಿಗಿ ಹಿಡಿಯದೆ, ಒಂದೇ ಸಮನೆ ತುಳಿಯಬೇಕು. ಈ ಬದಿಯಲ್ಲಿ ಹೊಸಬರಿಗೆ ಹೇಳಿ ಮಾಡಿಸಿದ ದಾರಿಯೆಂದರೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯಂಥ ಕಾಲುವೆಗಳ ಏರಿ. ನೀರು ಹರಿಯಲು ಬೇಕಾದಷ್ಟೇ ಇಳಿಜಾರು ಇರುವುದರಿಂದ ಏರಿಯೂ ಬಹುಮಟ್ಟಿಗೆ ಸಮತಟ್ಟು.

ಏರುಮುಖದ ದಾರಿ ಬೇಕೆನ್ನುವವರಿಗೆ ಗಾಳಿಯಂತ್ರದ ಗುಡ್ಡಗಳಿವೆ. ಅನಂತಪುರ, ಚಿತ್ರದುರ್ಗ ಸೀಮೆಯ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರ ನೆಡಲು ಗರಸು ರಸ್ತೆಗಳನ್ನು ಕಡಿದಿದ್ದಾರೆ. ಉದ್ದುದ್ದದ ರೆಕ್ಕೆ ಹೊತ್ತ ಟ್ರೈಲರ್ ಕಡಿದಾದ ಏರನ್ನೂ ಕಿರಿದಾದ ತಿರುವನ್ನೂ ತಾಳದು. ಆದ್ದರಿಂದ ಈ ರಸ್ತೆಗಳು ಅಗಲ, ತಿರುವುಗಳು ವಿಶಾಲ. ಯಂತ್ರ ನಿಂತ ಮೇಲೆ ಅಲ್ಲಿ ಓಡಾಡುವುದು ದುರಸ್ತಿಯವರ ಜೀಪು ಮಾತ್ರ. ಆದರೆ ಹಲವು ರಸ್ತೆಗಳು ಕಂಪನಿಯವು, ಕೆಲವು ಕಾಯ್ದಿಟ್ಟ ಅರಣ್ಯದೊಳಗಿನವು. ಗೇಟು ತೆರೆದಿದೆ ಎಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿದಂತಲ್ಲ.

ಇಲ್ಲಿನ ಕಾಡು ಮಲೆನಾಡಿನದಲ್ಲ. ಅನಂತಪುರ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 550 ಮಿಲಿಮೀಟರ್, ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಇದೂ ಒಂದು. ಕಮರ, ದಿಂಡಿಗ, ತುಗ್ಗಲಿ, ಕಾರೆ, ಬಂದರಿಕೆ, ತಂಗಡಿ, ಸೀತಾಫಲ ಬೆಳೆದ ಕುರುಚಲು ಕಾಡು ಬಂಡೆಗುಡ್ಡಗಳನ್ನು ತಬ್ಬಿದೆ. ಬೇಸಿಗೆಯಲ್ಲಿ ಎಲೆ ಉದುರಿ ನೆರಳೇ ಇರುವುದಿಲ್ಲ. ಮಡಕಶಿರಾದ ಕೋಟೆ ಗುಡ್ಡ, ರೊಳ್ಳದ ಹತ್ತಿರದ ರತ್ನಗಿರಿ, ರಾಯದುರ್ಗದ ಕೋಟೆ ದೂರದಿಂದಲೇ ಕಾಣುವುದರಿಂದ ಮೊಬೈಲ್ ನಕ್ಷೆ ಕೈಕೊಟ್ಟರೂ ದಿಕ್ಕು ತಪ್ಪುವುದು ಕಷ್ಟ. ಅಮರಾಪುರ ಮಂಡಲದ ಹೇಮಾವತಿ, ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಸಿದ್ಧೇಶ್ವರ, ದೊಡ್ಡೇಶ್ವರ ಗುಡಿಗಳಿರುವ ಈ ಊರನ್ನು ನಡುವೆ ಇಟ್ಟುಕೊಂಡು ಒಂದು ದಿನದ ಸುತ್ತು ಹಾಕಿದರೆ ವಿಶ್ರಾಂತಿಗೆ ನೆರಳೂ ನೋಡಲು ಶಿಲ್ಪವೂ ಸಿಗುತ್ತವೆ.

ಬಂಡೆಗುಡ್ಡಗಳ ಗವಿಗಳಲ್ಲಿ ಕರಡಿ, ಚಿರತೆಗಳಿವೆ. ಕರಡಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಓಡಾಡುವ ಪ್ರಾಣಿ. ಅದಕ್ಕೆ ಕಣ್ಣು ಮಂದ, ಗಾಬರಿಯಾದರೆ ಎರಗುತ್ತದೆ. ಸದ್ದಿಲ್ಲದೆ ತಿರುವಿನಲ್ಲಿ ಎದುರಾಗುವ ಸೈಕಲ್ಲು ಗಾಬರಿ ಹುಟ್ಟಿಸುವುದರಲ್ಲಿ ಕಾಲ್ನಡಿಗೆಯವರಿಗಿಂತ ಮುಂದು. ಹಾಗಾಗಿ ಬೆಳಕು ಹರಿದ ಮೇಲೆ ಗುಡ್ಡದ ಮಗ್ಗುಲಿಗೆ ಹೋಗಬೇಕು, ಕುರುಡು ತಿರುವುಗಳಲ್ಲಿ ಗಂಟೆ ಬಾರಿಸಬೇಕು. ಕಾಯ್ದಿಟ್ಟ ಅರಣ್ಯದೊಳಕ್ಕೆ ಅಪ್ಪಣೆಯಿಲ್ಲದೆ ಹೋಗುವುದು ಎರಡೂ ರಾಜ್ಯಗಳಲ್ಲಿ ಅಪರಾಧ: ಆಂಧ್ರದಲ್ಲಿ 1967ರ ಕಾಯ್ದೆ, ಕರ್ನಾಟಕದಲ್ಲಿ 1963ರ ಕಾಯ್ದೆ. ಒಂದೇ ಗುಡ್ಡಸಾಲು ಎರಡು ರಾಜ್ಯಗಳಿಗೆ ಹಂಚಿಹೋಗಿರುವ ಕಡೆ ಎರಡೂ ಇಲಾಖೆಗಳನ್ನು ಕೇಳಬೇಕಾಗುತ್ತದೆ. ಅರಣ್ಯದ ಅಂಚಿನ ಬಂಡಿ ಜಾಡುಗಳಿಗೆ ಈ ತೊಡಕಿಲ್ಲ, ಸವಾರಿಗೂ ಅವೇ ಉತ್ತಮ.

ಕಾಡು, ಗುಡ್ಡ ಎರಡೂ ಇದ್ದರೆ ದಾರಿ ಖಾಲಿಯಿರುತ್ತದೆ ಎಂದುಕೊಳ್ಳುವುದು ತಪ್ಪು. ಇಲ್ಲಿಗೆ ಹತ್ತಿರದ ನಿಜವಾದ ಹಸಿರು ಬೆಟ್ಟಗಳು ಬಳ್ಳಾರಿ ಜಿಲ್ಲೆಯ ಸಂಡೂರಿನವು. ಕುಮಾರಸ್ವಾಮಿ ಬೆಟ್ಟ, ನಾರಿಹಳ್ಳದ ಕಣಿವೆ ಮಳೆಗಾಲದಲ್ಲಿ ಮಲೆನಾಡನ್ನೇ ನೆನಪಿಸುತ್ತವೆ. ಅದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರೂ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ವರ್ಷಗಳಲ್ಲಿ ಅದಿರು ಲಾರಿಗಳ ಸಾಲೂ ಕೆಂಧೂಳೂ ಈ ಸೀಮೆಯ ಗುರುತಾಗಿದ್ದವು. ಆಮೇಲೆ ಗಣಿಗಳು ನಿಯಮಗಳಿಗೆ ಒಳಪಟ್ಟು ಮತ್ತೆ ತೆರೆದವು. ಗಣಿ ನಡೆಯುವ ಬದಿಯಲ್ಲಿ ಸೈಕಲ್ಲು ಸುಖದ ಮಾತಲ್ಲ. ನೋಟದಲ್ಲಿ ಸಂಡೂರಿಗೆ ಸರಿಗಟ್ಟದ ಮಡಕಶಿರಾದ ಬೋಳು ಗುಡ್ಡಗಳು ಈ ಒಂದು ವಿಷಯದಲ್ಲಿ ಅದನ್ನು ಮೀರಿಸುತ್ತವೆ.

ಕರಡಿಗಿಂತ ದೊಡ್ಡ ಶತ್ರು ಮುಳ್ಳು. ಮೊದಲನೆಯದು ನೆಗ್ಗಿಲು, ನೆಲಕ್ಕೆ ಅಂಟಿ ಹಬ್ಬುವ, ಹಳದಿ ಹೂವಿನ ಬಳ್ಳಿ. ಇದರ ಒಣಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಅಮೆರಿಕದ ಒಣಸೀಮೆಗೂ ಹಬ್ಬಿ ಅಲ್ಲಿನ ಸೈಕಲ್ಲಿನವರನ್ನು ಅಳಿಸಿರುವುದು ಇದೇ ಗಿಡ. ಎರಡನೆಯದು ಬಳ್ಳಾರಿ ಜಾಲಿ, ಅಮೆರಿಕ ಖಂಡದಿಂದ ಇಲ್ಲಿಗೆ ಬಂದು ಕೆರೆಯಂಗಳ, ದಾರಿಯಂಚುಗಳನ್ನೆಲ್ಲ ನುಂಗಿರುವ ಮರ. ಸೌದೆಗೆಂದು ಇದನ್ನು ಕಡಿದು ಎಳೆದೊಯ್ದ ದಾರಿಯಲ್ಲಿ ಬಿದ್ದ ಮುಳ್ಳು ದಪ್ಪ ಟೈರನ್ನೂ ತೂರುತ್ತದೆ. ಇದಕ್ಕೆ ಮದ್ದು ಟ್ಯೂಬ್‌ಲೆಸ್ ಟೈರು. ಅದರೊಳಗೆ ಹಾಕುವ ರಬ್ಬರು ಹಾಲಿನಂಥ ದ್ರಾವಣ, ಮುಳ್ಳು ಚುಚ್ಚಿದ ತೂತಿನಲ್ಲಿ ಹೆಪ್ಪುಗಟ್ಟಿ ತಾನೇ ಮುಚ್ಚಿಕೊಳ್ಳುತ್ತದೆ. ಬಯಲುಸೀಮೆಯ ಬಿಸಿಲಿಗೆ ಈ ದ್ರಾವಣ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬುತ್ತಿರಬೇಕು. ಸೀಳು ದೊಡ್ಡದಾದರೆ ರಬ್ಬರು ಬತ್ತಿ ತುರುಕಿ ಮುಚ್ಚುವುದು, ಅದೂ ಆಗದಿದ್ದರೆ ಒಂದು ಟ್ಯೂಬು ಹಾಕಿಕೊಂಡು ಊರು ಸೇರುವುದು. ಹಳ್ಳಿಯ ಸೈಕಲ್ ಶಾಪಿನಲ್ಲಿ ಟ್ಯೂಬಿಗೆ ಪಂಕ್ಚರ್ ಹಾಕಿಸಬಹುದು, ಗ್ರಾವೆಲ್ ಸೈಕಲ್ಲಿನ ಬಿಡಿಭಾಗಗಳನ್ನು ಮಾತ್ರ ಬೆಂಗಳೂರಿನಿಂದಲೇ ತರಬೇಕು.

ಸವಾರಿಗೆ ಸರಿಯಾದ ಕಾಲ ನವೆಂಬರಿನಿಂದ ಫೆಬ್ರುವರಿ. ಮಾರ್ಚಿನ ನಂತರ ಹತ್ತು ಗಂಟೆಗೇ ಕಲ್ಲು ಕಾಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಕಡಿಮೆ, ಆದರೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ, ಗಾಳಿಯಂತ್ರಗಳು ಇಲ್ಲಿ ನಿಂತಿರುವುದೂ ಅದಕ್ಕಾಗಿಯೇ. ಆ ತಿಂಗಳುಗಳಲ್ಲಿ ಬೆಳಗ್ಗೆ ಪಡುವಣಕ್ಕೆ ಹೊರಟು, ಸುಸ್ತಾದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳುವಂತೆ ದಾರಿ ಗೊತ್ತುಮಾಡಿಕೊಳ್ಳುವುದು ಜಾಣತನ. ಗರಸಿನ ಮೇಲೆ ತಾಸಿಗೆ 15 ಕಿಲೋಮೀಟರ್ ಒಳ್ಳೆಯ ವೇಗ, 60 ಕಿಲೋಮೀಟರಿನ ಸುತ್ತಿಗೆ ನಾಲ್ಕು ತಾಸಿಗೆ ಕಡಿಮೆಯಿಲ್ಲ. ತಾಸಿಗೆ ಮುಕ್ಕಾಲು ಲೀಟರು ನೀರು ಬೇಕು. ಪಾವಗಡ, ಅನಂತಪುರ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ಬಾಟಲಿ ತುಂಬಿಸಿಕೊಳ್ಳುವುದು ವಾಸಿ.

ವಾಹನವಿಲ್ಲದ ದಾರಿ ಜನವಿಲ್ಲದ ದಾರಿಯಲ್ಲ. ಸುಗ್ಗಿಯಲ್ಲಿ ಶೇಂಗಾ ಹೊರೆಯ ಬಂಡಿ, ಟ್ರ್ಯಾಕ್ಟರು ಇದೇ ಜಾಡಿನಲ್ಲಿ ಬರುತ್ತವೆ, ಹುರುಳಿ, ರಾಗಿ ತೆನೆಯನ್ನು ದಾರಿಗೇ ಹರಡಿರುತ್ತಾರೆ. ಹರಡಿದ ಕಾಳಿನ ಮೇಲೆ ಸೈಕಲ್ಲು ಹತ್ತಿಸದೆ ಇಳಿದು ತಳ್ಳಿಕೊಂಡು ಹೋಗಬೇಕು. ಕುರಿ ಹಿಂಡು ಎದುರಾದರೆ ನಿಂತುಬಿಡುವುದೇ ಸರಿ: ಗಂಟೆ ಬಾರಿಸಿದರೆ ಹಿಂಡು ಒಡೆದು ಹೊಲಕ್ಕೆ ನುಗ್ಗುತ್ತದೆ, ಕಾವಲು ನಾಯಿ ಸೈಕಲ್ಲಿನ ಬೆನ್ನು ಹತ್ತುತ್ತದೆ. ಇಳಿದು, ಸೈಕಲ್ಲನ್ನು ತನಗೂ ನಾಯಿಗೂ ನಡುವೆ ಹಿಡಿದು ನಿಂತರೆ ನಾಯಿ ಸಾಮಾನ್ಯವಾಗಿ ಬೊಗಳಿ ಸುಮ್ಮನಾಗುತ್ತದೆ. ಮುಂದಿನ ಜಾಡು ಹಳ್ಳಕ್ಕೆ ಕೊಚ್ಚಿಹೋಗಿದೆಯೋ ಉಳಿದಿದೆಯೋ ಎಂಬುದನ್ನು ಯಾವ ನಕ್ಷೆಗಿಂತಲೂ ಆ ಕುರಿಗಾಹಿ ಚೆನ್ನಾಗಿ ಬಲ್ಲ.